ನೀರಿಗಿಳಿದ ಕೆಂಪು

"ಐಶೂ, ಒಳಗ ನಿದ್ದಿ ಮಾಡಾಕತ್ತೀಯೇನು? ಲಗೂ ಹೊರಗ ಬಾ. ನಿಮ್ಮಪ್ಪ ಸ್ಕೂಟರ್ ಚಾಲೂ ಮಾಡ್ಯಾನ."

ಬಚ್ಚಲ ಬಾಗಿಲಿನ ಆಚೆ ಶಾರದವ್ವಜ್ಜಿ ನಿಂತಿದ್ದಳು. ಒಳಗೆ ಐಶ್ವರ್ಯ ಚಂಬಿನ ಮೇಲೆ ಚಂಬು ನೀರು ಸುರಿಯುತ್ತಿದ್ದಳು.

"ಬಂದ್ನಿ ಅಜ್ಜಿ," ಅಂದಳು. ಅಂದು ಮತ್ತೊಂದು ಚಂಬು ಸುರಿದಳು.

ಒಂದಕ್ಕೆ ಹೋದರೆ ಕೆಂಪಗೆ ಬರುತ್ತಿತ್ತು. ಗುಲಾಬಿ ಶರಬತ್ತಿನಂಥ ಕೆಂಪು. ನೋವಿಲ್ಲ, ಉರಿಯೂ ಇಲ್ಲ. ಮೊನ್ನೆ ಮೊದಲ ಸಲ ನೋಡಿದಾಗ ಐಶು ಗೋಡೆ ಹಿಡಿದುಕೊಂಡು ನಿಂತುಬಿಟ್ಟಿದ್ದಳು. ನಿನ್ನೆ ಇರಲಿಲ್ಲ. ಸದ್ಯ ಹೋಯಿತು ಅಂದುಕೊಂಡರೆ ಇವತ್ತು ಮತ್ತೆ ಬಂದಿತ್ತು.

ಅವಳು ಯಾರಿಗೂ ಹೇಳಿರಲಿಲ್ಲ. ಅವ್ವ ಬೆಳಗಾದರೆ ರಾಣೆಬೆನ್ನೂರಿನ ಬಸ್ ಹಿಡಿದು ಬೀಜದ ಕಂಪನಿಯ ಕೆಲಸಕ್ಕೆ ಹೋಗುತ್ತಾಳೆ, ಸಂಜೆ ಸುಸ್ತಾಗಿ ಬರುತ್ತಾಳೆ. ಅಜ್ಜಿಗೆ ಹೇಳಿದರೆ ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಇನ್ನು ಅಪ್ಪನಿಗೆ ಇಂಥದ್ದನ್ನು ಹೇಗೆ ಹೇಳುವುದು?

ಅಪ್ಪ ಶಶಿಕಾಂತನದು ಖಾರ ಕುಟ್ಟುವ ಮಷೀನು. ಬ್ಯಾಡಗಿಯ ಪೇಟೆಯಿಂದ ಮೆಣಸಿನಕಾಯಿ ಕೊಂಡವರು ಅಲ್ಲೇ ಕುಟ್ಟಿಸಿಕೊಂಡು ಹೋಗುತ್ತಾರೆ. ಎಷ್ಟು ತೊಳೆದರೂ ಅವನ ಅಂಗಿಯ ಹೊಲಿಗೆಯಲ್ಲಿ ಕೆಂಪು ಧೂಳು ಉಳಿದೇ ಇರುತ್ತದೆ. ಸ್ಕೂಟರಿನ ಹಿಂದೆ ಕೂತಾಗ ಐಶು ಅವನ ಬೆನ್ನಿಗೆ ತಾಗದಂತೆ ಹಿಂದಕ್ಕೆ ಸರಿದು ಕೂರುತ್ತಾಳೆ. ಅವಳ ಯೂನಿಫಾರ್ಮಿನ ಅಂಗಿ ತಿಳಿನೀಲಿ.

"ಗಟ್ಟಿ ಹಿಡ್ಕೋ," ಅಂದ ಅಪ್ಪ.

"ಹಿಡ್ಕೊಂಡೇನಿ." ಅವಳು ಹಿಡಿದದ್ದು ಸೀಟಿನ ಹಿಂದಿನ ಕಬ್ಬಿಣವನ್ನು.

ಶಾಲೆಯಲ್ಲಿ ಕಾವೇರಿ ಟೀಚರ್ ವಿಜ್ಞಾನದ ಪಾಠ ಮುಗಿಸಿ ಪುಸ್ತಕ ಮುಚ್ಚಿದರು.

"ನಾಳೆ ಎಲ್ಲಾರೂ ಮನಿಯಿಂದ ಒಂದು ಚಮಚ ಖಾರಪುಡಿ ತರ್ರಿ."

"ಯಾಕ್ರಿ ಟೀಚರ್, ಭಜಿ ಮಾಡೋದೈತೇನ್ರಿ?" ಚೇತನಕುಮಾರ ಹಿಂದಿನ ಬೆಂಚಿನಿಂದ ಕೇಳಿದ.

"ಭಜಿ ನೀ ದೊಡ್ಡಾವಾದಮ್ಯಾಲೆ ಅಂಗಡಿ ಇಟ್ಟು ಮಾಡು. ನಾವು ಪರೀಕ್ಷಾ ಮಾಡೋದೈತಿ. ಖಾರಪುಡಿ ಕೆಂಪಗೆ ಕಾಣಲಿ ಅಂತ ಕೆಲವು ಮಂದಿ ಅದಕ್ಕ ಬಣ್ಣ ಕೂಡಸ್ತಾರ. ಅದು ಹೊಟ್ಟಿಗೆ ಹೋದ್ರ ಚಲೋ ಅಲ್ಲ. ನೀರಾಗ ಹಾಕಿದ್ರ ಗೊತ್ತಾಗ್ತದ."

"ನೀರಾಗ ಯಾಕ್ರಿ? ಐಶೂನ ಅಪ್ಪನ್ನ ಕೇಳಿದ್ರಾತು," ಅಂದ ಚೇತನ. ಎಲ್ಲರೂ ನಕ್ಕರು.

ಐಶು ನಗಲಿಲ್ಲ. ಅವಳ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿತ್ತು. ಅಜ್ಜಿ ಹೊಸದಾಗಿ ಕೆಂಪು ಚಟ್ನಿ ಅರೆದಿದ್ದಳು. ಅಪ್ಪ ಮಷೀನಿನಿಂದ ತಂದ ಖಾರಪುಡಿ, ಬೆಳ್ಳುಳ್ಳಿ, ಹುಣಸೆಹಣ್ಣು, ಬೆಲ್ಲ. ಈ ಸಲ ಅದು ಎಂದಿಗಿಂತ ಸಿಹಿಯಾಗಿತ್ತು. ಐಶು ರೊಟ್ಟಿಗೆ ದಪ್ಪಗೆ ಹಚ್ಚಿಕೊಂಡು ತಿಂದಿದ್ದಳು. ಮರುದಿನವೇ ಕೆಂಪು. ಆಮೇಲೆ ಹೊಟ್ಟೆ ಸರಿಯಿಲ್ಲವೆಂದು ಬರೀ ಮಜ್ಜಿಗೆ ಅನ್ನ ಉಂಡಳು. ಕೆಂಪು ಇಲ್ಲ. ನಿನ್ನೆ ರಾತ್ರಿ ಮತ್ತೆ ರೊಟ್ಟಿ, ಚಟ್ನಿ. ಇವತ್ತು ಮತ್ತೆ ಕೆಂಪು.

ಹಾಗಾದರೆ ಖಾರಪುಡಿಯಲ್ಲಿ ಬಣ್ಣವಿದೆ. ಆ ಖಾರಪುಡಿ ಅಪ್ಪನದು.

ಸಂಜೆ ಅವಳು ಮಷೀನಿಗೆ ಹೋದಳು. ಕಬ್ಬಿಣದ ಒನಕೆಗಳು ಧಡ್ ಧಡ್ ಎಂದು ಬೀಳುತ್ತಿದ್ದವು. ಅಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು ಪುಡಿ ಜರಡಿ ಹಿಡಿಯುತ್ತಿದ್ದ. ಹುಬ್ಬಿನವರೆಗೂ ಕೆಂಪು.

"ಅಪ್ಪಾ, ಸಾಲ್ಯಾಗ ಪರೀಕ್ಷಾ ಮಾಡಾಕ ಒಂದು ಚಮಚ ಖಾರಪುಡಿ ಬೇಕು."

"ಒಂದ್ಯಾಕ, ಸೇರು ಒಯ್ಯಿ."

"ಅಪ್ಪಾ, ಖಾರಪುಡಿಗೆ ಬಣ್ಣ ಹಾಕ್ತಾರಂತಲ್ಲ, ಖರೇನಾ?"

"ಹಾಕೋರು ಹಾಕ್ತಾರವ್ವಾ," ಅಂದ ಅಪ್ಪ, ಜರಡಿ ನಿಲ್ಲಿಸದೆ.

ನೀನು ಹಾಕುತ್ತೀಯಾ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಹೌದು ಅಂದರೆ ಏನು ಮಾಡುವುದು? ಅಪ್ಪ ಪೇಪರಿನಲ್ಲಿ ಕಟ್ಟಿಕೊಟ್ಟ ಪೊಟ್ಟಣವನ್ನು ಹಿಡಿದುಕೊಂಡು ಅವಳು ಸೀದಾ ಫರ್ಹಾನಾಳ ಮನೆಗೆ ಓಡಿದಳು.

"ಫರ್ಹಾನಾ, ನಾಳೆ ನಿಮ್ಮ ಮನಿ ಖಾರಪುಡಿ ನಂಗ ಒಂಚೂರು ಕೊಡು."

"ಯಾಕ? ಖಾರದ ಮಷೀನ್ ಮಾಲಕಿಗೆ ಖಾರಪುಡಿ ಇಲ್ಲೇನು?"

"ನಮ್ಮದು ಖಾಲಿ ಆಗೇತಿ."

ಫರ್ಹಾನಾ ಅವಳ ಕೈಯಲ್ಲಿದ್ದ ಪೊಟ್ಟಣ ನೋಡಿದಳು. "ಅದೇನದು, ಕುಂಕುಮನಾ? ಹುಚ್ಚಿ, ನಮ್ಮನ್ಯಾಗಿಂದೂ ನಿಮ್ಮಪ್ಪನ ಮಷೀನಿಂದ ತಂದಿದ್ದಾ. ನಮ್ಮ ಓಣ್ಯಾಗ ಎಲ್ಲಾರದೂ ಅಲ್ಲಿಂದಾನ."

ಆ ರಾತ್ರಿ ಐಶು ಚಟ್ನಿ ಮುಟ್ಟಲಿಲ್ಲ. ಕಾಳುಪಲ್ಯವನ್ನೂ ಮುಟ್ಟಲಿಲ್ಲ, ಅದರಲ್ಲೂ ಖಾರಪುಡಿ ಇತ್ತು. ಬರೀ ಮೊಸರು, ರೊಟ್ಟಿ.

"ಮೈಯಾಗ ರಕ್ತ ಕಡಿಮಿ ಐತಿ ಅಂತ ಹಾವೇರಿಯಿಂದ ಸಾಲಿಗೆ ಬಂದ ಡಾಕ್ಟರು ಗುಳಿಗಿ ಕೊಟ್ಟು ಹೋಗ್ಯಾರ," ಅಂದಳು ಅಜ್ಜಿ. "ಬೀಟ್‌ರೂಟ್ ಪಲ್ಯ ಮಾಡಿದ್ರ ಮಣ್ಣಿನ ವಾಸನಿ ಅಂದಿ. ಈಗ ಚಟ್ನೀನೂ ಒಲ್ಲೇನು? ಒಂದು ತುತ್ತು ಹಚ್ಚಿಕೊಳ್ಳವ್ವಾ."

"ಒಲ್ಲೆ."

ಅಪ್ಪ ತಾಟಿನಿಂದ ತಲೆಯೆತ್ತಿ ನೋಡಿದ. "ನನ್ನ ಮಗಳು ಖಾರ ಒಲ್ಲೆ ಅಂದ್ಲಂತ ಪೇಟಿಯಾಗ ಗೊತ್ತಾದ್ರ ನನ್ನ ಮಷೀನ್ ಬಂದ್," ಎಂದು ನಕ್ಕ. ಐಶು ತಲೆಯೆತ್ತದೆ ರೊಟ್ಟಿ ಮುರಿದು ಮೊಸರಿಗೆ ಅದ್ದಿದಳು.

ಮರುದಿನ ಟೀಚರ್ ಮೇಜಿನ ಮೇಲೆ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟು ನೀರು ತುಂಬಿಸಿದರು.

"ಬಣ್ಣ ಕೂಡಿಸಿದ್ರ, ಪುಡಿ ಹಾಕಿದ ಕೂಡ್ಲೆ ನೀರಾಗ ಕೆಂಪು ಗೆರಿ ಇಳೀತಾವ, ನೋಡ್ರಿ. ಮೊದಲು ಯಾರು ಬರ್ತೀರಿ?"

"ಐಶೂ," ಎಂದು ಹಿಂದಿನಿಂದ ಮೂರು ನಾಲ್ಕು ದನಿ ಬಂದವು.

ಐಶು ಎದ್ದಳು. ಪೊಟ್ಟಣ ಬಿಚ್ಚುವಾಗ ಅರ್ಧ ಪುಡಿ ಮೇಜಿಗೆ ಬಿತ್ತು. ಉಳಿದದ್ದರಲ್ಲಿ ಒಂದು ಚಿಟಿಕೆ ನೀರಿನ ಮೇಲೆ ಉದುರಿಸಿ ಕಣ್ಣು ಮುಚ್ಚಿಕೊಂಡಳು.

"ಕಣ್ಣ ಮುಚ್ಚಿದ್ರ ಹೆಂಗ ಕಾಣತೈತಿ?" ಅಂದರು ಟೀಚರ್.

ಕಣ್ಣು ಬಿಟ್ಟಳು. ಪುಡಿ ನೀರಿನ ಮೇಲೆ ತೇಲುತ್ತಿತ್ತು. ಒಂದೆರಡು ಕಣ ಮೆಲ್ಲಗೆ ತಳಕ್ಕೆ ಹೋದವು. ಗೆರೆ ಇಲ್ಲ. ನೀರು ತಿಳಿಯಾಗಿಯೇ ಇತ್ತು.

ಫರ್ಹಾನಾಳ ಲೋಟವೂ ಹಾಗೆಯೇ. ಚೇತನನದೂ ಹಾಗೆಯೇ.

ಟೀಚರ್ ಇನ್ನೊಂದು ಲೋಟದಲ್ಲಿ ಸ್ವಲ್ಪ ಬೆಚ್ಚಗಿನ ಎಣ್ಣೆ ಹಾಕಿ, ಅದರಲ್ಲಿ ಖಾರಪುಡಿ ಕದಡಿದರು. ನೋಡನೋಡುತ್ತ ಎಣ್ಣೆ ಕೆಂಪಾಯಿತು.

"ಮೆಣಸಿನಕಾಯಿಯ ಕೆಂಪು ಎಣ್ಣಿಗೆ ಇಳೀತದ, ನೀರಿಗೆ ಇಳಿಯಂಗಿಲ್ಲ. ಗಜ್ಜರಿ, ಅಂದ್ರ ಕ್ಯಾರೆಟ್, ಅದರ ಬಣ್ಣಾನೂ ಹಂಗ. ಗಿಡಗಳು ತಾವಾಗೇ ಮಾಡ್ಕೊಂಡ ಬಣ್ಣ ಇವು. ಗಜ್ಜರಿ ಬಣ್ಣ ನಮ್ಮ ಕಣ್ಣಿಗೂ ಚಲೋ. ಅದಕ್ಕ ತಾಟಿನಾಗ ಬಣ್ಣ ಬಣ್ಣದ ಕಾಯಿಪಲ್ಯ ಇರಬೇಕು ಅನ್ನೋದು."

"ಟೀಚರ್, ನೀರಿಗೆ ಇಳಿಯೋ ಬಣ್ಣದ ಕಾಯಿಪಲ್ಯ ಇಲ್ಲೇನ್ರಿ?" ಫರ್ಹಾನಾ ಕೇಳಿದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಶನಿವಾರದ ಗಂಟೆ. ಉತ್ತರ ಕೇಳಲು ಯಾರೂ ನಿಲ್ಲಲಿಲ್ಲ.

ಐಶು ಮಾತ್ರ ನಿಧಾನವಾಗಿ ನಡೆದಳು. ಅಪ್ಪ ಬಣ್ಣ ಹಾಕಿಲ್ಲ. ಎದೆಯ ಮೇಲಿನ ಕಲ್ಲು ಇಳಿದಿತ್ತು. ಆದರೆ ಓಣಿಯ ತಿರುವಿಗೆ ಬರುವಷ್ಟರಲ್ಲಿ ಅದಕ್ಕಿಂತ ದೊಡ್ಡದೊಂದು ಬಂದು ಕೂತಿತು. ಖಾರಪುಡಿಯಲ್ಲಿ ಬಣ್ಣ ಇಲ್ಲವೆಂದರೆ, ಆ ಕೆಂಪು ತನ್ನೊಳಗಿನದೇ? ಮೊದಲೇ ರಕ್ತ ಕಡಿಮೆ ಅಂದಿದ್ದಾರೆ. ಇರುವುದೂ ಸೋರಿ ಹೋಗುತ್ತಿದೆಯೇ?

ಮನೆಯಲ್ಲಿ ಅಜ್ಜಿ ಇರಲಿಲ್ಲ, ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಐಶು ಅಡುಗೆಮನೆಗೆ ಹೋದಳು. ಒಂದು ಲೋಟದಲ್ಲಿ ನೀರು ತಗೊಂಡಳು. ಚಟ್ನಿಯ ಭರಣಿಯಿಂದ ಬೆರಳಷ್ಟು ಚಟ್ನಿ ತೆಗೆದು ಅದರಲ್ಲಿ ಬಿಟ್ಟಳು.

ಕೆಂಪು ಗೆರೆ ಇಳಿಯಿತು. ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಲೋಟದ ನೀರೆಲ್ಲ ಗುಲಾಬಿ ಶರಬತ್ತು.

ಐಶು ಬೇಗ ಇನ್ನೊಂದು ಲೋಟ ತಗೊಂಡಳು. ಪೊಟ್ಟಣದಲ್ಲಿ ಉಳಿದಿದ್ದ ಅಪ್ಪನ ಪುಡಿಯನ್ನು ಅದಕ್ಕೆ ಹಾಕಿದಳು. ತಿಳಿನೀರು. ಎರಡು ಲೋಟಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದಳು. ಇದರಲ್ಲಿ ಇಲ್ಲದ್ದು ಅದರಲ್ಲಿ ಏನೋ ಇದೆ. ಪುಡಿ ಅಪ್ಪನದು. ಚಟ್ನಿ ಅರೆದದ್ದು...

"ಏನ್ ನಡಿಸೀದಿ ಅಲ್ಲಿ?" ಅಜ್ಜಿ ಬಾಗಿಲಲ್ಲಿ ನಿಂತಿದ್ದಳು, ಹೆಗಲ ಮೇಲೆ ಖಾಲಿ ಬುಟ್ಟಿ.

"ಅಜ್ಜಿ, ಚಟ್ನ್ಯಾಗ ಏನ್ ಹಾಕೀದಿ?"

"ಏನ್ ಹಾಕ್ಲಿ? ಬಳ್ಳೊಳ್ಳಿ, ಉಪ್ಪು, ಹುಣಸೆಹಣ್ಣು..."

"ಇನ್ನೂ ಏನೋ ಹಾಕೀದಿ. ನೀರಿಗೆ ಕೆಂಪು ಇಳದೈತಿ ನೋಡು."

ಅಜ್ಜಿ ಲೋಟ ನೋಡಿದಳು. ಮೊಮ್ಮಗಳ ಮುಖ ನೋಡಿದಳು. ಮೆಲ್ಲಗೆ ಬುಟ್ಟಿ ಕೆಳಗಿಟ್ಟಳು.

"ಬೀಟ್‌ರೂಟ್," ಅಂದಳು.

"ಏನು?"

"ಪಲ್ಯ ಮಾಡಿದ್ರ ತಾಟಿನ ಬದಿಗೆ ಸರಸ್ತಿದ್ದಿ. ತುರಿದು ಎಣ್ಯಾಗ ಬಾಡಿಸಿ ಚಟ್ನ್ಯಾಗ ಅರದುಬಿಟ್ನಿ. ಕೆಂಪಿನಾಗ ಕೆಂಪು, ಯಾರಿಗೆ ಗೊತ್ತಾಗತೈತಿ ಅಂದ್ಕೊಂಡಿದ್ನಿ. ನೀ ಚಪ್ಪರಿಸಿಕೊಂಡು ತಿಂದಿ. ಸೀ ಐತಿ ಅಂದಿ. ಬೆಲ್ಲ ಅಂತ ಸುಳ್ಳು ಹೇಳಿದ್ನಿ."

ಐಶು ಅಲ್ಲೇ ಕುಸಿದು ಕೂತು ಅಳತೊಡಗಿದಳು. ಅಳುತ್ತಲೇ ಬಚ್ಚಲಿನ ವಿಷಯವನ್ನೆಲ್ಲ ಹೇಳಿದಳು. ಅಪ್ಪನ ಮೇಲೆ ಅನುಮಾನಪಟ್ಟದ್ದನ್ನು ಮಾತ್ರ ಹೇಳಲಿಲ್ಲ.

ಕೇಳುತ್ತ ಕೇಳುತ್ತ ಅಜ್ಜಿಯ ಮುಖ ಬಿಳಿಚಿಕೊಂಡಿತು. "ಅಯ್ಯ ನನ್ನವ್ವಾ, ಇಷ್ಟ ದಿವಸ ಒಬ್ಬಾಕಿನಾ ಹೊತ್ಕೊಂಡು ತಿರಗಿದ್ಯಾ? ಏಳು, ಚಪ್ಪಲಿ ಹಾಕ್ಕೋ. ಬೀಟ್‌ರೂಟಿಂದ ಹಿಂಗ ಆಗತೈತೋ ಇಲ್ಲೋ ನಂಗೂ ಗೊತ್ತಿಲ್ಲ. ಕೇಳೇ ಬಿಡೂಣು."

ಆಸ್ಪತ್ರೆಯಲ್ಲಿ ಮೀನಾಕ್ಷಿ ಸಿಸ್ಟರ್ ಇದ್ದರು. ಅವರು ಐಶು ಕೈಗೆ ಒಂದು ಸಣ್ಣ ಡಬ್ಬಿ ಕೊಟ್ಟು ಕಳಿಸಿದರು. ತುಂಬಿಸಿ ತಂದದ್ದರಲ್ಲಿ ಒಂದು ಪಟ್ಟಿ ಅದ್ದಿ ನೋಡಿದರು. ಒಳಗೆ ಹೋಗಿ ಡಾಕ್ಟರನ್ನೂ ಕೇಳಿ ಬಂದರು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ಹೆದರಬ್ಯಾಡ್ರಿ ಅಜ್ಜಿ. ರಕ್ತ ಇಲ್ಲ, ಏನೂ ಇಲ್ಲ. ಅದು ಬೀಟ್‌ರೂಟ್ ಬಣ್ಣನ. ನೀರಿಗೆ ಇಳಿಯೋ ಬಣ್ಣ ಅದು, ಕೆಲವರಿಗೆ ಒಂದಕ್ಕದಾಗೂ ಬರತೈತಿ. ರಕ್ತ ಕಡಿಮಿ ಇದ್ದೋರಿಗೆ ಇನ್ನಷ್ಟು ಕಾಣತೈತಿ."

ಅಜ್ಜಿ ಉಸಿರು ಬಿಟ್ಟದ್ದು ಬಾಗಿಲಿನವರೆಗೂ ಕೇಳಿಸಿತು.

"ಎರಡು ದಿವಸ ಬೀಟ್‌ರೂಟ್ ಬಿಟ್ಟು ನೋಡ್ರಿ, ಹೋಗತೈತಿ. ಹೋಗಲಿಲ್ಲಂದ್ರ ಮತ್ತ ಬರ್ರಿ. ಆಮ್ಯಾಲೆ ತಿಂದ್ರೂ ನಡೀತದ. ಆದ್ರ ಬರೀ ಬೀಟ್‌ರೂಟ್ ನಂಬಿ ಕುಂದ್ರಬ್ಯಾಡ್ರಿ. ಸೊಪ್ಪು, ಕಾಳು, ಮ್ಯಾಲೆ ನಿಂಬಿಹಣ್ಣು ಹಿಂಡ್ರಿ, ಅಂದ್ರ ಮೈಗೆ ಹತ್ತತೈತಿ. ಕೊಟ್ಟ ಗುಳಿಗೀನೂ ತಪ್ಪಸಬಾರದು." ಆಮೇಲೆ ಐಶು ಕಡೆ ತಿರುಗಿದರು. "ಮುಂದ ಏನರ ಕಂಡ್ರ ಮೊದಲ ಮನ್ಯಾಗ ಹೇಳು, ಆಮ್ಯಾಲೆ ಚಂಬು ಚಂಬು ನೀರು ಸುರಿಯೀಯಂತ."

ದಾರಿಯಲ್ಲಿ ಅಜ್ಜಿ ಐಶುವಿನ ಕೈ ಹಿಡಿದುಕೊಂಡಳು. ಆಮೇಲೆ, "ಇನ್ನ ಮ್ಯಾಲೆ ಕದ್ದು ಹಾಕಂಗಿಲ್ಲವ್ವಾ," ಅಂದಳು.

"ಹಾಕು ಅಜ್ಜಿ. ಆದ್ರ ಹೇಳಿ ಹಾಕು. ಚಟ್ನ್ಯಾಗ ಚಲೋನ ಇತ್ತು."

"ಮಣ್ಣಿನ ವಾಸನಿ?"

"ಬಳ್ಳೊಳ್ಳಿ ಮುಂದ ಯಾವ ವಾಸನಿ?"

ಅಜ್ಜಿ ರಸ್ತೆಯಲ್ಲೇ ನಿಂತು ನಕ್ಕಳು. ಐಶುಗೂ ನಗು ಬಂತು.

ಭಾನುವಾರ ಕೆಂಪು ಇರಲಿಲ್ಲ. ಸೋಮವಾರ ಬೆಳಿಗ್ಗೆಯೂ ಇರಲಿಲ್ಲ. ಐಶು ಒಂದೇ ಚಂಬು ನೀರು ಸುರಿದು ಬಚ್ಚಲಿನಿಂದ ಹೊರಗೆ ಬಂದಳು.

ಸಂಜೆ ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಅಪ್ಪನ ಸ್ಕೂಟರ್ ನಿಂತಿತ್ತು. ಅಪ್ಪ ಮಷೀನಿನಿಂದ ಸೀದಾ ಬಂದಿದ್ದ. ಅಂಗಿ, ಕಿವಿ, ಹುಬ್ಬು ಎಲ್ಲ ಕೆಂಪು.

"ಹೌದಲ್ಲ, ಆ ಖಾರಪುಡಿ ಪರೀಕ್ಷಾ ಏನಾತು? ಪಾಸೋ, ಫೇಲೋ?"

"ಪಾಸ್. ನೀರು ತಿಳಿ ಇತ್ತು."

"ಹಂಗಾದ್ರ ಸರಿ," ಅಂದ ಅಪ್ಪ. ಅದೇನು ಕೇಳಬೇಕಾದ ವಿಷಯವೇ ಅಲ್ಲ ಎಂಬಂತೆ ಕಿಕ್ ಹೊಡೆದ.

ಐಶು ಅವನ ಹಿಂದೆ ಹತ್ತಿ ಕೂತಳು. ಅವನ ಮೇಲೆ ಅನುಮಾನಪಟ್ಟದ್ದನ್ನು ಹೇಳಿಬಿಡಬೇಕು ಅನ್ನಿಸಿತು. ಆದರೆ ಏನಂತ ಹೇಳುವುದು, ಎಲ್ಲಿಂದ ಶುರು ಮಾಡುವುದು ಗೊತ್ತಾಗಲಿಲ್ಲ.

"ಗಟ್ಟಿ ಹಿಡ್ಕೋ."

ಅವಳು ಸೀಟಿನ ಹಿಂದಿನ ಕಬ್ಬಿಣ ಬಿಟ್ಟಳು. ಮುಂದಕ್ಕೆ ಸರಿದು ಎರಡೂ ಕೈಯಿಂದ ಅಪ್ಪನ ಸೊಂಟ ಬಳಸಿ ಹಿಡಿದು, ಅವನ ಬೆನ್ನಿಗೆ ಕೆನ್ನೆ ಆನಿಸಿದಳು.

"ಏ, ಅಂಗಿ ಕೆಂಪಾಗತೈತಿ. ನಿಮ್ಮಜ್ಜಿ ಬೈತಾಳ."

"ಬೈಲಿ," ಅಂದಳು ಐಶು.

ಸ್ಕೂಟರ್ ಪೇಟೆಯ ಕಡೆ ತಿರುಗಿತು. ಖಾರದ ಘಾಟಿಗೆ ಅವಳಿಗೆ ಒಂದು ಸೀನು ಬಂತು, ಹಿಂದೆಯೇ ಇನ್ನೊಂದು. ಕೈ ಮಾತ್ರ ಬಿಡಲಿಲ್ಲ.