ಎರಡು ಹಾಳಿ ಒಮ್ಮೆಲೇ

"ಏನಾತು? ಇನ್ನೊಮ್ಮೆ ಹಚ್ಚು!"

ಉಮಾಶ್ರೀ ಫೋನಿಗೆ ಮೂಗು ತಾಗುವಷ್ಟು ಬಗ್ಗಿದಳು. ಮುಸ್ಕಾನ್ ವಿಡಿಯೊವನ್ನು ಹಿಂದಕ್ಕೆ ಎಳೆದಳು. ಮತ್ತೆ ಅದೇ ಕಾಡಿನ ಮಣ್ಣುದಾರಿ, ಅದೇ ನೀಲಿ ಕಾರು. ಕಾರಿನೊಳಗೆ ಹೆಲ್ಮೆಟ್ ಹಾಕಿದ ಇಬ್ಬರು. ಒಬ್ಬ ಸ್ಟೇರಿಂಗ್ ತಿರುಗಿಸುತ್ತಿದ್ದ. ಪಕ್ಕದವನು ತೊಡೆಯ ಮೇಲಿನ ನೋಟ್‌ಬುಕ್ ನೋಡಿ ಏನನ್ನೋ ಗಡಗಡ ಓದುತ್ತಿದ್ದ. ದಾರಿ ತಟ್ಟನೆ ಎಡಕ್ಕೆ ಹೊರಳಿತು. ಕಾರು ಹೊರಳಲಿಲ್ಲ. ನೇರ ಹೋಗಿ ಪೊದೆ ಹಾರಿ ತಗ್ಗಿಗೆ ಬಿತ್ತು.

"ಹೋತು!" ಎಂದು ಮುಸ್ಕಾನ್ ಹಣೆ ಬಡಿದುಕೊಂಡಳು.

ಇಬ್ಬರೂ ನವನಗರದ ಶಾಲೆಯಲ್ಲಿ ಐದನೇ ಕ್ಲಾಸು. ಮುಸ್ಕಾನಳ ಅಪ್ಪ ಜಾವೀದ ಮೆಕ್ಯಾನಿಕ್. ಅವನ ಗ್ಯಾರೇಜಿನಲ್ಲಿ ಹಳೆಯ ಕಾರಿನದೊಂದು ಸೀಟು ಇತ್ತು. ರವಿವಾರ ಸಂಜೆ ಅದರ ಮೇಲೆ ಕೂತು ಫೋನಿನಲ್ಲಿ ಕಾರ್ ರ‍್ಯಾಲಿ ನೋಡುವುದು ಜನವರಿಯಿಂದ ಇಬ್ಬರಿಗೂ ರೂಢಿಯಾಗಿತ್ತು. ಒಂದೊಂದು ರ‍್ಯಾಲಿ ಒಂದೊಂದು ದೇಶದಲ್ಲಿ. ಸ್ವೀಡನ್ನಿನಲ್ಲಿ ಹಿಮ, ಗ್ರೀಸಿನಲ್ಲಿ ಕಲ್ಲು, ಕೀನ್ಯಾದಲ್ಲಿ ಕೆಂಪು ಧೂಳು. ಕೀನ್ಯಾದ ರ‍್ಯಾಲಿ ನೋಡುವಾಗ ಉಮಾಶ್ರೀ, "ಇದು ನಮ್ಮ ಅಮ್ಮಿನಬಾವಿ ಹೊಲದ ದಾರಿ ಇದ್ದಂಗ ಐತಲ್ಲ!" ಎಂದಿದ್ದಳು. ಎಲ್ಲ ರ‍್ಯಾಲಿಗಳ ಪಾಯಿಂಟ್ ಕೂಡಿಸಿ, ವರ್ಷದ ಕೊನೆಗೆ ಯಾರದು ಹೆಚ್ಚೋ ಅವರೇ ಚಾಂಪಿಯನ್.

ಇಬ್ಬರ ಮೆಚ್ಚಿನ ಡ್ರೈವರ್ ತಾಪಿಯೋ. ಇಲ್ಲಿಯವರೆಗೆ ಅವನೇ ಮುಂದಿದ್ದ. ಈಗ ಅವನ ನೀಲಿ ಕಾರು ತಗ್ಗಿನಲ್ಲಿ ಬಿದ್ದಿತ್ತು.

ಜಾವೀದ ಕೈ ಒರೆಸಿಕೊಳ್ಳುತ್ತ ಬಂದ. "ಬಾಜೂಕ ಕುಂತಾನಲ್ಲ, ಆಂತಿ ಅಂತ ಅವನ ಹೆಸರು, ಅಂವ ಎರಡು ಹಾಳಿ ಒಮ್ಮೆಲೇ ತಿರುವ್ಯಾನ. ಮುಂದಿನ ತಿರುವು ಹೇಳೋದ ಬಿಟ್ಟ, ಅದರ ಮುಂದಿಂದು ಹೇಳ್ಯಾನ."

"ತಿರುವು ಡ್ರೈವರಗ ಕಾಣ್ತೈತಲ್ರಿ ಕಾಕಾ? ಯಾಕ ಹೇಳಬೇಕು?"

"ಅಷ್ಟು ಸ್ಪೀಡಿನ್ಯಾಗ ಕಾಣೂದ್ರಾಗ ಹೊತ್ತು ಮೀರಿರ್ತೈತಿ. ಅದಕ್ಕ ರ‍್ಯಾಲಿಗಿಂತ ಮೊದಲ ಇಬ್ರೂ ಅದ ದಾರಿಗುಂಟ ಸಾವಕಾಶ ಹೋಗ್ತಾರ. ಡ್ರೈವರ್ ಹೇಳ್ತಾನ, ಇಂವ ಬರ್ಕೊಂತಾನ. ಎಡ ಮೂರು, ಐವತ್ತು ಮೀಟರ್, ಬಲ ಐದು, ಹಿಂಗ. ಮೂರು, ಐದು ಅಂದ್ರ ತಿರುವು ಎಷ್ಟು ಬಿಗಿ ಅನ್ನೂದು. ರ‍್ಯಾಲಿ ದಿನಾ ಅದನ್ನ ಓದ್ತಾನ. ಡ್ರೈವರ್ ಕಿವೀಲೆ ಗಾಡಿ ಹೊಡೀತಾನ ಅನ್ನು."

ಕಿವಿಯಿಂದ ಗಾಡಿ ಹೊಡೆಯುವುದು! ಉಮಾಶ್ರೀ ಕಣ್ಣು ಮುಚ್ಚಿ ನೋಡಿದಳು. ಸ್ಪ್ಯಾನರಿನ ಸಪ್ಪಳ, ದೂರದ ಬಸ್ಸಿನ ಹಾರ್ನ್ ಬಿಟ್ಟರೆ ಏನೂ ತಿಳಿಯಲಿಲ್ಲ.

"ಹಂಗಾರ ಆಂತಿನ್ನ ತಗದ ಹಾಕಬೇಕು," ಎಂದಳು ಸಿಟ್ಟಿನಿಂದ.

ಆದರೆ ಮುಂದಿನ ರ‍್ಯಾಲಿಯಲ್ಲೂ ತಾಪಿಯೋನ ಪಕ್ಕ ಆಂತಿಯೇ ಕೂತಿದ್ದ! ಯಾಕೆಂದು ಉಮಾಶ್ರೀಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಜಾವೀದನನ್ನು ಕೇಳಿದರೆ, "ನಾ ಏನ ಆ ಕಾರಿನ್ಯಾಗ ಕುಂತೇನೇನವಾ?" ಎಂದು ನಕ್ಕುಬಿಟ್ಟ.

ಅದೇ ವಾರ ನಾಗರತ್ನಾ ಟೀಚರ್ ಸ್ಪೋರ್ಟ್ಸ್ ಡೇ ಆಟಗಳ ಪಟ್ಟಿ ಓದಿದರು. ಹೊಸದೊಂದು ಆಟ ಇತ್ತು. ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಟೈರು, ಮಡಿಕೆಗಳ ನಡುವೆ ಓಡಬೇಕು. ಜೊತೆಗಾರರು ಗೆರೆಯ ಹೊರಗಿನಿಂದ ದಾರಿ ಹೇಳಬೇಕು. ಒಂದು ಸಲಕ್ಕೆ ಒಂದೇ ಜೋಡಿ. ಟೀಚರ್ ಕೈಯಲ್ಲಿ ಸ್ಟಾಪ್‌ವಾಚ್.

ಉಮಾಶ್ರೀ ಮತ್ತು ಮುಸ್ಕಾನ್ ಒಬ್ಬರ ಮುಖ ಒಬ್ಬರು ನೋಡಿದರು. ಇದು ರ‍್ಯಾಲಿಯೇ!

"ನಾ ಡ್ರೈವರ್," ಎಂದಳು ಮುಸ್ಕಾನ್. ಅವಳು ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು. ಉಮಾಶ್ರೀ ಒಪ್ಪಿದಳು. ಆಂತಿಗಿಂತ ಚೆನ್ನಾಗಿ ಓದಿ ತೋರಿಸುತ್ತೇನೆ ಎಂದುಕೊಂಡಳು.

ಗ್ಯಾರೇಜಿನ ಪಕ್ಕದ ಖಾಲಿ ಜಾಗದಲ್ಲಿ ಹಳೇ ಟೈರು ಇಟ್ಟು ಪ್ರ್ಯಾಕ್ಟೀಸ್ ಶುರುವಾಯಿತು. ಉಮಾಶ್ರೀ ಹೆಜ್ಜೆ ಎಣಿಸಿ ಬರೆದಳು: ನೇರ ಎಂಟು, ಎಡ ಮೂರು, ನೇರ ಐದು, ಬಲ. ಮೊದಲ ದಿನ ಮುಸ್ಕಾನ್ ಕೈ ಚಾಚಿಕೊಂಡು ಆಮೆಯಂತೆ ನಡೆದಳು. ನಾಲ್ಕನೇ ದಿನ ಕೈ ಕೆಳಗೆ ಬಿಟ್ಟು ಓಡಿದಳು. ಆರನೇ ದಿನ ಅವಳ ಓಟ ನೋಡಲು ಕ್ಲಾಸಿನ ವಿಶಾಲ, ಸೌರಭ ಬಂದು ನಿಂತರು.

"ಏ, ಕಣ್ಣು ಕಾಣಾಕತ್ತಿರಬೇಕು ಅಕಿಗೆ!" ಎಂದ ವಿಶಾಲ.

ಉಮಾಶ್ರೀಗೆ ಹಿಗ್ಗೋ ಹಿಗ್ಗು. ಓದುತ್ತ ಓದುತ್ತ ವಿಶಾಲನ ಮುಖ ಹೇಗಾಗಿದೆ ಎಂದು ಒಂದು ಕ್ಷಣ ಅತ್ತ ನೋಡಿದಳು. ಮತ್ತೆ ಹಾಳೆಗೆ ಕಣ್ಣು ಇಳಿಸಿ, "ಬಲ!" ಎಂದಳು.

ಬಲಕ್ಕೆ ಸಿಮೆಂಟಿನ ಕಂಬ ಇತ್ತು.

ಡಾಕ್ಟರು ಮುಸ್ಕಾನಳ ಗದ್ದಕ್ಕೆ ಎರಡು ಹೊಲಿಗೆ ಹಾಕಿದರು. ಉಮಾಶ್ರೀ ದವಾಖಾನೆಯ ಬೆಂಚಿನ ಮೇಲೆ ನೋಟ್‌ಬುಕ್ಕನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಜಾವೀದ ಮೆಲ್ಲಗೇ ಕೇಳಿದ, "ಹೆಂಗ ಆತವಾ?"

"ನಾ ಎಡ ಅಂದೆ ರೀ ಕಾಕಾ," ಎಂದಳು ಉಮಾಶ್ರೀ. ಆ ಮಾತು ಬಾಯಿಂದ ಹೇಗೆ ಬಂತೋ ಅವಳಿಗೇ ಗೊತ್ತಾಗಲಿಲ್ಲ. "ಅಕೀನ ಬಲಕ್ಕ ಹೋದ್ಳು."

ಒಳಗಿನಿಂದ ಬಂದ ಮುಸ್ಕಾನ್ ಅದನ್ನು ಕೇಳಿಸಿಕೊಂಡಳು. ಗದ್ದದ ಪಟ್ಟಿ ಹಿಡಿದುಕೊಂಡು, "ಹೌದನು? ನನಗ ಬಲ ಅಂದಂಗ ಕೇಳಿಸ್ತು," ಎಂದಳು ಗೊಂದಲದಿಂದ.

ಮರುದಿನ ಶಾಲೆಯಲ್ಲಿ ಮುಸ್ಕಾನ್ ಬೆನ್ನು ತಿರುಗಿಸಿ ನಿಂತು, "ಉಮಾ, ಸಣ್ಣಗ ಏನರ ಹೇಳು. ನನ್ನ ಕಿವಿ ಟೆಸ್ಟ್ ಮಾಡು," ಎಂದಳು.

"ಪೆನ್ಸಿಲ್," ಎಂದಳು ಉಮಾಶ್ರೀ.

"ಪೆನ್ಸಿಲ್. ಸರಿ ಕೇಳಿಸ್ತಲ್ಲ? ಮತ್ತ ನಿನ್ನೆ ಯಾಕ ಹಂಗಾತು? ಮನ್ಯಾಗ ನಮ್ಮಜ್ಜಿ ರಾತ್ರಿ ಕಿವಿಗೆ ಬೆಚ್ಚನ್ನ ಎಣ್ಣಿ ಬಿಟ್ಟಾಳ. ನಾಲ್ಕು ದಿನಾ ಬಿಡಬೇಕಂತ."

ಉಮಾಶ್ರೀ ಅರ್ಧ ರೊಟ್ಟಿಯನ್ನು ಡಬ್ಬಿಯಲ್ಲೇ ಬಿಟ್ಟು ಮುಚ್ಚಳ ಹಾಕಿದಳು.

ರವಿವಾರ ಗ್ಯಾರೇಜಿಗೆ ಹೋದಾಗ ಮುಸ್ಕಾನ್ ಸೀಟಿನ ಮೇಲೆ ಕೂತು ಫೋನು ನೋಡುತ್ತಿದ್ದಳು. ಕಿವಿಯಲ್ಲಿ ಹತ್ತಿ. ಜಾವೀದ ಒಂದು ಕಾರಿನ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದ. ಫೋನಿನಲ್ಲಿ ಕಾರು ಬಿದ್ದ ಹಳೇ ವಿಡಿಯೊ ಬಂತು. ಎಂಜಿನ್ನಿನ ಅಬ್ಬರ, ಯಾವುದೋ ಭಾಷೆಯ ಗಡಗಡ ಮಾತು, ಆಮೇಲೆ ಧಡ್. ಉಮಾಶ್ರೀಗೆ ಇದ್ದಕ್ಕಿದ್ದಂತೆ ಒಂದು ಸಂಶಯ ಬಂತು.

"ಕಾಕಾ, ಈ ವಿಡಿಯೊದಾಗ ನೋಟ್‌ಬುಕ್ ಅಷ್ಟ ಕಾಣ್ತೈತಿ, ಎಷ್ಟು ಹಾಳಿ ತಿರುವಿದಾ ಅಂತ ಕಾಣಂಗಿಲ್ಲ. ಎರಡು ಹಾಳಿ ತಿರುವಿದ್ದು ಮಂದಿಗೆ ಹೆಂಗ ಗೊತ್ತಾತ್ರಿ?"

ಕಾರಿನ ಕೆಳಗಿನಿಂದ ದನಿ ಬಂತು. "ಅಂವನ ಹೇಳಿದನಲ್ಲ!"

"ಯಾರು?"

"ಆಂತಿ. ಹೊರಗಿನವರಿಗೆ ಹೆಂಗ ಗೊತ್ತಾಗಬೇಕು? ತಾಪಿಯೋಗೂ ಗೊತ್ತಿರಲಿಲ್ಲ. ತಗ್ಗಿನಿಂದ ಎದ್ದು ಬಂದಾಂವನ ಮೈಕಿನ ಮುಂದ ಹೇಳಿದಾ, ಹಾಳಿ ನಾ ತಿರುವಿದೆ ಅಂತ."

ಉಮಾಶ್ರೀ ಸೀಟಿನ ಕಡೆ ತಿರುಗಿದಳು. ಮುಸ್ಕಾನಳ ಕಿವಿಯ ಹತ್ತಿಯಿಂದ ಎಣ್ಣೆ ಕುತ್ತಿಗೆಗೆ ಇಳಿಯುತ್ತಿತ್ತು.

"ಮುಸ್ಕಾನ್, ನಿನ್ನ ಕಿವಿ ಸರಿ ಐತಿ. ನಾ ಬಲ ಅಂತನ ಅಂದಿದ್ದೆ. ವಿಶಾಲನ ಕಡೆ ನೋಡಿದೆ, ಸಾಲು ತಪ್ತು."

ಕಾರಿನ ಕೆಳಗೆ ಸ್ಪ್ಯಾನರಿನ ಸಪ್ಪಳ ನಿಂತಿತು.

ಮುಸ್ಕಾನ್ ಹತ್ತಿಯನ್ನು ಕಿತ್ತು ನೆಲಕ್ಕೆ ಒಗೆದಳು. "ನಾಲ್ಕು ದಿನಾ ಎಣ್ಣಿ ಹಾಕ್ಸಿಕೊಂಡೇನಿ! ನಾ ಕಿವುಡಿ ಆಗ್ತೇನೇನೋ ಅಂತ ಅತ್ತೇನಿ! ನೀ ನೋಡ್ಕೋಂತ ಸುಮ್ನ ಇದ್ದಿ?" ಎಂದವಳೇ ಎದ್ದು ಮನೆಯ ಕಡೆ ನಡೆದಳು.

ಸ್ವಲ್ಪ ಹೊತ್ತಿನ ಮೇಲೆ ಸ್ಪ್ಯಾನರಿನ ಸಪ್ಪಳ ಮತ್ತೆ ಶುರುವಾಯಿತು.

ಅಂದಿನಿಂದ ಮುಸ್ಕಾನ್ ಕ್ಲಾಸಿನಲ್ಲಿ ಉಮಾಶ್ರೀಯನ್ನು ಬಿಟ್ಟು ಅಬೀದಾ ಎಂಬ ಹುಡುಗಿಯ ಪಕ್ಕ ಕೂತಳು. ಉಮಾಶ್ರೀ ಗ್ಯಾರೇಜಿನ ಕಡೆ ಹೋಗಲಿಲ್ಲ. ವರ್ಷದ ಕೊನೆಯ ರ‍್ಯಾಲಿ ಬಂದು ಹೋಯಿತು, ಅದನ್ನೂ ನೋಡಲಿಲ್ಲ. ಸ್ಪೋರ್ಟ್ಸ್ ಡೇ ಹಿಂದಿನ ದಿನ ನಾಗರತ್ನಾ ಟೀಚರ ಹತ್ತಿರ ಹೋಗಿ, "ನಮ್ಮ ಜೋಡಿ ಹೆಸರು ತಗೀರಿ ಟೀಚರ್," ಎಂದಳು.

ಟೀಚರ್ ಪಟ್ಟಿ ನೋಡಿದರು. "ಮುಸ್ಕಾನ್ ಹಂಗೇನೂ ಹೇಳಿಲ್ಲಲ್ಲ. ಅಕೀನ ಕೇಳಿ ಬಾ."

ಕೇಳುವ ಧೈರ್ಯ ಉಮಾಶ್ರೀಗೆ ಬರಲಿಲ್ಲ. ಹೆಸರು ಹಾಗೇ ಉಳಿಯಿತು.

ಮರುದಿನ ಮೈದಾನದಲ್ಲಿ ಟೈರು, ಮಡಿಕೆ ಇಟ್ಟಿದ್ದರು. ಓಡುವ ಮೊದಲು ಪ್ರತಿ ಜೋಡಿಯೂ ಒಮ್ಮೆ ದಾರಿ ನೋಡಿ ಬರಬಹುದಿತ್ತು. ಉಮಾಶ್ರೀ ಗೆರೆಯ ಹತ್ತಿರ ಒಬ್ಬಳೇ ನಿಂತಿದ್ದಳು. ಮುಸ್ಕಾನ್ ಬಂದು ಪಕ್ಕದಲ್ಲಿ ನಿಂತಳು. ಗದ್ದದ ಮೇಲೆ ಗುಲಾಬಿ ಬಣ್ಣದ ಗೆರೆಯಷ್ಟೇ ಉಳಿದಿತ್ತು.

"ತಾಪಿಯೋ ಚಾಂಪಿಯನ್ ಆಗಲಿಲ್ಲ," ಎಂದಳು ಮೈದಾನದ ಕಡೆ ನೋಡುತ್ತ. "ಎಂಟು ಪಾಯಿಂಟ್ ಕಡಿಮಿ ಬಿತ್ತು."

"ಆ ತಗ್ಗಿನ್ಯಾಗ ಬಿದ್ದದ್ದಕ್ಕ?"

"ಹೂಂ. ಪುಸ್ತಕ ತಂದೀಯೇನು? ನಾ ದಾರಿ ಹೇಳ್ತೇನಿ, ನೀ ಬರಿ. ಅವರು ಹಂಗ ಮಾಡ್ತಾರಲ್ಲ."

ಇಬ್ಬರೂ ನಡೆದರು. ಮುಸ್ಕಾನ್ ಹೆಜ್ಜೆ ಎಣಿಸಿ ಹೇಳಿದಳು. ಉಮಾಶ್ರೀ ದೊಡ್ಡ ಅಕ್ಷರದಲ್ಲಿ ಬರೆದಳು.

ಟೀಚರ್ ಸೀಟಿ ಊದಿದರು. ಮುಸ್ಕಾನ್ ಕಣ್ಣಿಗೆ ದುಪಟ್ಟಾ ಬಿಗಿದುಕೊಂಡು ಓಡಿದಳು. ನೇರ ಆರು. ಬಲ ಎರಡು. ಎಡ. ಹುಡುಗರು ಕೂಗುತ್ತಿದ್ದರು. ಉಮಾಶ್ರೀ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಗಾಳಿ ಬೀಸಿ ಹಾಳೆ ಮಗುಚಿತು.

"ನಿಂದ್ರು!" ಎಂದು ಕೂಗಿದಳು. "ಸಾಲು ತಪ್ಪೇತಿ. ತಡಿ, ಹುಡುಕಾಕತ್ತೇನಿ!"

ಮೈದಾನದ ನಡುವೆ, ಮಡಿಕೆಗಳ ಮಧ್ಯೆ ಮುಸ್ಕಾನ್ ನಿಂತುಬಿಟ್ಟಳು. "ಬಟ್ಟಿ ತಗಿ, ಓಡು!" ಎಂದು ವಿಶಾಲ ಚೀರಿದ. ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಮುಸ್ಕಾನ್ ದುಪಟ್ಟಾದ ಕಡೆ ಕೈ ಒಯ್ಯಲಿಲ್ಲ. ಕೈ ಮುಂದೆ ಚಾಚಲೂ ಇಲ್ಲ. ದನಿ ಬರುವ ಕಡೆಗೆ ಮುಖ ತಿರುಗಿಸಿ, ಸುಮ್ಮನೆ ಕಾದಳು.

ಉಮಾಶ್ರೀಯ ಬೆರಳು ಸಾಲನ್ನು ಮುಟ್ಟಿತು. ಇನ್ನೊಮ್ಮೆ ಮೈದಾನ ನೋಡಿ ಖಾತ್ರಿ ಮಾಡಿಕೊಂಡಳು.

"ಎಡಕ್ಕ, ನಾಲ್ಕು ಹೆಜ್ಜಿ," ಎಂದಳು.

ಅವಳ ಮಾತು ಮುಗಿಯುವ ಮೊದಲೇ ಮುಸ್ಕಾನಳ ಕಾಲು ಎಡಕ್ಕೆ ಹೊರಳಿತ್ತು.