ಹನ್ನೊಂದು ಮಾತ್ರ ಉತ್ತರಿಸಿ

ಹದಿನಾಲ್ಕು ಜನರ ಬಾಯಿಗೆ ಬೀಗ ಹಾಕುವ ಕೆಲಸ ಒಂದು ಸೋಮವಾರ ಬೆಳಿಗ್ಗೆ ನನ್ನ ಪಾಲಿಗೆ ಬಂತು. ಅದರಲ್ಲಿ ಹದಿಮೂರು ಜನರದು ಸುಲಭವಾಗಿಯೇ ಮುಗಿಯಿತು.

ನಮ್ಮದು ಗುಡ್ಡದ ಬುಡದಿಂದ ತುದಿಗೆ ಹೋಗುವ ರೋಪ್‌ವೇ. ಇಪ್ಪತ್ತು ಕ್ಯಾಬಿನ್, ಏಳು ಕಂಬ, ಕೆಳಗೊಂದು ಸ್ಟೇಷನ್, ಮೇಲೊಂದು ಸ್ಟೇಷನ್. ಕೆಲಸದವರೆಲ್ಲರ ಸೊಂಟದಲ್ಲೂ ಒಂದೊಂದು ವಾಕಿಟಾಕಿ. ನಾವು ಅದನ್ನು ಸೆಟ್ ಅನ್ನುತ್ತೇವೆ. ಎಲ್ಲ ಸೆಟ್ಟಿಗೂ ಚಾನೆಲ್ ಒಂದೇ. ಒಬ್ಬರು ಬಟನ್ ಒತ್ತಿ ಮಾತಾಡುವಾಗ ಉಳಿದವರು ಕೇಳಿಸಿಕೊಳ್ಳಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಕಿವಿ ತೂತಾಗುವಂಥ ಕೀರಲು ಸದ್ದು ಬರುತ್ತದೆ, ಮಾತು ಯಾರದೂ ಕೇಳುವುದಿಲ್ಲ. ನಾನು ಕೆಳಗಿನ ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ಕೂರುವವಳು. ಹಾಗಾಗಿ ಸೆಟ್ಟಿನಲ್ಲಿ ನನ್ನನ್ನು ಕಂಟ್ರೋಲ್ ಅನ್ನುತ್ತಾರೆ, ಉಳಿದವರಿಗೆಲ್ಲ ಒಂದೊಂದು ನಂಬರು.

ಹಿಂದಿನ ವಾರ ಗಾಳಿ ಜೋರಾದಾಗ, ವೇಗ ಕಡಿಮೆ ಮಾಡುತ್ತಿದ್ದೇನೆ ಎಂದು ನಾನು ಎಲ್ಲರಿಗೂ ಹೇಳಿದೆ. ಎಲ್ಲರೂ ಮರ್ಯಾದಸ್ಥರು. ಒಬ್ಬೊಬ್ಬರಾಗಿ "ಸರಿ ಮೇಡಂ", "ಆಯ್ತು ಮೇಡಂ", "ಕೇಳಿಸ್ತು ಮೇಡಂ" ಎಂದರು. ಅದೇ ಹೊತ್ತಿಗೆ ಒಂದು ಕ್ಯಾಬಿನ್ನಿನ ಬಾಗಿಲು ಸರಿಯಾಗಿ ಕೂತಿಲ್ಲವೆಂದು ಮೇಲಿನ ಸ್ಟೇಷನ್ನಿನವನು "ನಿಲ್ಲಿಸಿ" ಎಂದು ಬಟನ್ ಒತ್ತುತ್ತಲೇ ಇದ್ದ. ಇಷ್ಟೂ ಜನರ ಮರ್ಯಾದೆ ಮುಗಿದು ಅವನ ಮಾತು ನನಗೆ ತಲುಪಲು ನಲವತ್ತು ಸೆಕೆಂಡು ಬೇಕಾಯಿತು. ಏನೂ ಆಗಲಿಲ್ಲ. ಒಳಗಿದ್ದ ಮುದುಕ ದಂಪತಿಗೆ ವಿಷಯವೇ ಗೊತ್ತಾಗಲಿಲ್ಲ. ಆದರೆ ಮ್ಯಾನೇಜರ್ ನನ್ನನ್ನು ಕರೆದು, ಚಾನೆಲ್ಲಿಗೆ ಒಂದು ಶಿಸ್ತು ಬರಬೇಕು, ತರುವುದು ನೀವೇ ಎಂದರು.

ನನಗೆ ಶಿಸ್ತು ಅಂದರೆ ಹಬ್ಬದೂಟ. ರಾತ್ರಿಯೇ ನಿಯಮ ಬರೆದು, ಬೆಳಿಗ್ಗೆ ಗೋಡೆಗೊಂದು ಪ್ರತಿ ಅಂಟಿಸಿ, ಎಲ್ಲರನ್ನೂ ಸೇರಿಸಿ ಓದಿದೆ. ಎಲ್ಲರಿಗೂ ಹೇಳಿದ ಮಾತಿಗೆ ಯಾರೂ ಉತ್ತರ ಕೊಡಬಾರದು. ಸುಮ್ಮನಿದ್ದರೆ ಕೇಳಿಸಿದೆ, ಆಕ್ಷೇಪಣೆ ಇಲ್ಲ ಎಂದು ಅರ್ಥ. ನಂಬರು ಹಿಡಿದು ಕರೆದರೆ ಆ ನಂಬರಿನವರು ಮಾತ್ರ, ಎರಡೇ ಮಾತಿನಲ್ಲಿ ಉತ್ತರಿಸಬೇಕು. ಇನ್ನೊಬ್ಬರಿಗೆ ಹೇಳಿದ್ದಕ್ಕೆ ಮೂರನೆಯವರು ಬಾಯಿ ಹಾಕುವಂತಿಲ್ಲ. ಅಪಾಯವಿದ್ದರೆ ಅಥವಾ ಒಪ್ಪಿಗೆ ಇಲ್ಲದಿದ್ದರೆ "ಆಕ್ಷೇಪಣೆ" ಎಂದು ತಕ್ಷಣ ಹೇಳಬೇಕು.

"ಇನ್ನೊಂದು ವಿಷಯ," ಎಂದು ಹಾಳೆಯಿಂದ ತಲೆ ಎತ್ತಿದೆ. "ಹನ್ನೊಂದನೇ ನಂಬರಿನವರು ಮಾತಿಗೆ ಬಾಲ ಅಂಟಿಸೋದನ್ನ ಬಿಡಬೇಕು."

ಎಲ್ಲರೂ ನಕ್ಕರು. ಹನ್ನೊಂದು ಅಂದರೆ ಕಂಬದ ಮೆಕ್ಯಾನಿಕ್. ದಿನವಿಡೀ ಯಾವುದಾದರೊಂದು ಕಂಬದ ತುದಿಯಲ್ಲಿ ಬೆಲ್ಟಿಗೆ ಜೋತುಬಿದ್ದು ರಾಟೆಗಳಿಗೆ ಗ್ರೀಸ್ ಹಾಕುವವನು. "ಕೇಳಿಸ್ತು" ಎಂದು ಸುಮ್ಮನಾಗುವ ಜನ್ಮವಲ್ಲ ಅವನದು. "ಕೇಳಿಸ್ತು ಮೇಡಂ. ಇಲ್ಲಿ ಗಾಳಿ ಚೆನ್ನಾಗಿದೆ." "ಕೇಳಿಸ್ತು ಮೇಡಂ. ಹಗ್ಗದ ಮೇಲೊಂದು ಹಕ್ಕಿ ಕೂತಿದೆ, ಟಿಕೆಟ್ ತಗೊಂಡಿಲ್ಲ."

ನಗು ನಿಂತ ಮೇಲೆ ಅವನು ಕೈ ಎತ್ತಿದ. "ಸುಮ್ಮನಿದ್ರೆ ಕೇಳಿಸಿದೆ ಅಂತ ಅರ್ಥ ಅಂದ್ರಿ. ಸೆಟ್ ಕೆಟ್ಟು ಸುಮ್ಮನಿದ್ರೆ?"

"ಕೆಡದ ಹಾಗೆ ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ. ದಿನಾ ಚಾರ್ಜಿಗೆ ಹಾಕಿ."

"ಸರಿ ಮೇಡಂ," ಎಂದ. ಬಾಲಕ್ಕೆಂದು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ಕಣ್ಣು ಮಾತ್ರ ನಗುತ್ತಲೇ ಇತ್ತು. ಆ ಕಣ್ಣಿಗೆ ಯಾವ ನಿಯಮ ಬರೆಯಬೇಕೋ ನನಗೆ ತಿಳಿಯಲಿಲ್ಲ.

ಒಂದೇ ವಾರದಲ್ಲಿ ಚಾನೆಲ್ ತಣ್ಣಗಾಯಿತು. ನಾನು ಹೇಳುತ್ತಿದ್ದೆ, ಹದಿನಾಲ್ಕು ಜನ ಸುಮ್ಮನಿರುತ್ತಿದ್ದರು. ಮ್ಯಾನೇಜರ್ ಬಂದು ಭೇಷ್ ಎಂದರು.

ಹತ್ತನೇ ದಿನಕ್ಕೆ ನನಗೆ ಬೇಜಾರು ಹತ್ತಿತು. ಸತ್ಯ ಹೇಳಬೇಕೆಂದರೆ ಅದು ಬೇಜಾರಲ್ಲ. ಆ ಹಕ್ಕಿ ಈಗಲೂ ಬರುತ್ತದೋ ಇಲ್ಲವೋ ಎಂದು ನನಗೆ ತಿಳಿಯಬೇಕಿತ್ತು, ಕೇಳಲು ಬಾಯಿ ಬರುತ್ತಿರಲಿಲ್ಲ.

"ಹನ್ನೊಂದು, ಕಂಟ್ರೋಲ್. ಅಲ್ಲಿ ಗಾಳಿ ಎಷ್ಟಿದೆ?"

"ಹನ್ನೊಂದು. ಹದಿನೆಂಟು."

ಅಷ್ಟೇ. ನಾನೇ ಹೇಳಿಕೊಟ್ಟಂತೆ ಎಣಿಸಿ ಎರಡು ಮಾತು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದರೆ "ಹನ್ನೊಂದು. ಹತ್ತೊಂಬತ್ತು."

ಸಂಜೆ ಸೆಟ್ಟನ್ನು ಚಾರ್ಜಿಗೆ ಹಾಕಲು ಎಲ್ಲರೂ ನನ್ನ ರೂಮಿಗೇ ಬರಬೇಕು. ಅವನು ಎಲ್ಲರೂ ಹೋದ ಮೇಲೆ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಗ್ರೀಸ್, ಕಿವಿಯ ಹಿಂದೊಂದು ಕಪ್ಪು ಗೆರೆ. ಅದನ್ನು ಒರೆಸಿಕೊಳ್ಳಿ ಎನ್ನಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

"ಇವತ್ತು ಆರು ಸಲ ಗಾಳಿ ಕೇಳಿದ್ರಿ," ಎಂದ ಒಂದು ಸಂಜೆ, ಗೋಡೆ ನೋಡುತ್ತಾ.

"ಕೆಲಸಕ್ಕೆ ಬೇಕಾಗತ್ತೆ."

"ಗಾಳಿ ಮೀಟರು ನಿಮ್ಮ ಮೇಜಿನ ಮೇಲೇ ಇದೆ."

ಮೀಟರಿನ ಮುಳ್ಳು ನನ್ನ ಮೂಗಿನ ಕೆಳಗೇ ಅಲ್ಲಾಡುತ್ತಿತ್ತು. ನಾನು ರಿಜಿಸ್ಟರ್ ತೆರೆದು ಏನೋ ಬರೆಯತೊಡಗಿದೆ. ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ಅವನು ಅದನ್ನು ನೋಡಿದ. ಬಾಗಿಲು ದಾಟಿದ ಮೇಲೆ ಸಣ್ಣಗೆ ಸಿಳ್ಳೆ ಹಾಕಿಕೊಂಡು ಹೋದ.

ಮನೆಯಲ್ಲಿ ಅತ್ತಿಗೆ ತಟ್ಟೆ ಮುಂದಿಟ್ಟು, "ಏನೇ, ಸೊಪ್ಪು ಹಾಕಲಾ ಅಂದ್ರೆ ಹದಿನೆಂಟು ಅಂತೀಯಲ್ಲ," ಎಂದಳು. ಅಣ್ಣ ನಗು ತಡೆಯಲಾಗದೆ ನೀರು ಕುಡಿದ.

ಮುಂದಿನ ವಾರ ಮೂರು ಸಂಜೆ ಅವನು ಸೆಟ್ ಇಟ್ಟ ಮೇಲೂ ಹೋಗಲಿಲ್ಲ. ಬಾಗಿಲಲ್ಲಿ ನಿಂತು ಟೋಪಿ ತಿರುಗಿಸುತ್ತಿದ್ದ. ಕಂಬದ ಮೇಲೆ ಅಷ್ಟು ಮಾತಾಡುವವನಿಗೆ ನೆಲದ ಮೇಲೆ ನಾಲಿಗೆ ಹೊರಳುತ್ತಿರಲಿಲ್ಲ. ಮೂರನೇ ಸಂಜೆ ನನಗೂ ಗಾಬರಿಯಾಯಿತು. ಗಾಬರಿಯಾದಾಗ ನಾನು ಗದರುತ್ತೇನೆ. ಅದು ನನ್ನ ಹಣೆಬರಹ.

"ಏನಾದ್ರೂ ಹೇಳೋದಿದ್ರೆ ಸೆಟ್ಟಲ್ಲಿ ಹೇಳಿ. ಕಂಟ್ರೋಲ್ ರೂಮು ಹರಟೆಗಲ್ಲ."

ಅವನು ಟೋಪಿ ಹಾಕಿಕೊಂಡು ಹೋದ. ಆ ಸಂಜೆ ಸಿಳ್ಳೆ ಕೇಳಲಿಲ್ಲ.

ಅದರ ಮುಂದಿನ ಬುಧವಾರದಿಂದ ಎಲ್ಲರ ರೀತಿಯೂ ಬದಲಾಯಿತು. ನಾನು ಒಳಬಂದರೆ ಚಹಾದ ಮೇಜಿನ ಸುತ್ತ ಮಾತು ನಿಲ್ಲುತ್ತಿತ್ತು. ಮೇಲಿನ ಸ್ಟೇಷನ್ನಿನವನು ನಮಸ್ಕಾರವನ್ನು ಗೋಡೆಗೆ ಹಾಕಿದ. ಎಲ್ಲಕ್ಕಿಂತ ಕಷ್ಟವಾದದ್ದು ಟಿಕೆಟ್ ಕೌಂಟರಿನ ಚಿಕ್ಕಮ್ಮನದು. ಅವರು ಹನ್ನೊಂದರವನಿಗೆ ಸ್ವಂತ ಚಿಕ್ಕಮ್ಮ, ತಾಯಿಯಿಲ್ಲದ ಅವನನ್ನು ಸಾಕಿದವರು. ನಮಗೆಲ್ಲ ಬರಿಯ ಪ್ರೀತಿಗೆ ಚಿಕ್ಕಮ್ಮ. ದಿನಾ ನನಗೊಂದು ಲೋಟ ಚಹಾ ತಂದಿಡುತ್ತಿದ್ದವರು ಎರಡು ದಿನ ನನ್ನ ಬಾಗಿಲ ಮುಂದೆಯೇ ಲೋಟ ಹಿಡಿದು ಮುಂದೆ ಹೋದರು.

ಹನ್ನೊಂದರವನಂತೂ ಸೆಟ್ಟನ್ನು ಬೇರೆಯವರ ಕೈಯಲ್ಲಿ ಕಳಿಸತೊಡಗಿದ. ಗಾಳಿ ಕೇಳಿದರೆ ಎರಡು ಮಾತು ಬರುತ್ತಿತ್ತು, ದನಿಯಲ್ಲಿ ಅವನೇ ಇರುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ಕೌಂಟರ್ ತೆರೆಯುವ ಮುಂಚೆ ಹೋಗಿ ಚಿಕ್ಕಮ್ಮನ ಎದುರು ನಿಂತೆ.

"ನಾನೇನು ತಪ್ಪು ಮಾಡ್ದೆ ಅಂತ ಹೇಳಿಬಿಡಿ ಚಿಕ್ಕಮ್ಮ."

ಅವರು ಟಿಕೆಟ್ ಸುರುಳಿಯನ್ನು ಮಶಿನ್ನಿಗೆ ತೂರಿಸುತ್ತಲೇ ಇದ್ದರು. "ತಪ್ಪೇನು ಬಂತು. ಇಷ್ಟ ಇಲ್ಲ ಅಂದ್ರೆ ಇಲ್ಲ. ಆದ್ರೆ ಆ ಹುಡುಗ ಅಷ್ಟು ಜನರ ಕಿವಿಗೆ ಬೀಳೋ ಹಾಗೆ ಮಾನ ಬಿಟ್ಟು ಕೇಳಿದ. ಕರೆದು ಒಂದು ಮಾತು ಹೇಳಬಹುದಿತ್ತು ನೀನು."

"ಏನು ಕೇಳಿದ್ರು? ಯಾವಾಗ?"

ಅವರ ಕೈ ನಿಂತಿತು. ಮೊದಲ ಸಲ ನನ್ನ ಮುಖ ನೋಡಿದರು.

"ಮಂಗಳವಾರ ಮಧ್ಯಾಹ್ನ. ದೂರದ ಹೊಸ ರೋಪ್‌ವೇಲಿ ಹೆಡ್ ಮೆಕ್ಯಾನಿಕ್ ಕೆಲಸ ಕೊಡ್ತಾರಂತೆ ಅವನಿಗೆ, ಮೂರು ವರ್ಷ ಅಲ್ಲೇ ಇರಬೇಕು. ಸೆಟ್ಟಲ್ಲಿ ಹೇಳು ಅಂದಿದ್ಯಂತೆ ನೀನು. ಸೆಟ್ಟಲ್ಲೇ ಹೇಳ್ದ. 'ಕಂಟ್ರೋಲ್, ಹನ್ನೊಂದು. ನಾನು ಹೋಗೋದಕ್ಕೆ ನಿಮ್ಮ ಆಕ್ಷೇಪಣೆ ಇದ್ರೆ ಹೇಳಿ, ಇಲ್ಲೇ ಇದ್ದುಬಿಡ್ತೀನಿ. ಇಲ್ಲ ಅಂದ್ರೆ ಸುಮ್ಮನಿರಿ, ಅರ್ಥ ಮಾಡ್ಕೊಳ್ತೀನಿ' ಅಂದ. ನೀನು ಸುಮ್ಮನಿದ್ದೆ."

ಮಂಗಳವಾರ ಮಧ್ಯಾಹ್ನ ಪ್ರಯಾಣಿಕರಿಲ್ಲ, ರಿಪೇರಿಯ ಹೊತ್ತು. ನಾನು ಮೇಜಿನ ದೊಡ್ಡ ಸೆಟ್ಟನ್ನು ರೂಮಿನಲ್ಲೇ ಬಿಟ್ಟು ಬೀಗ ಹಾಕಿ, ಸೊಂಟಕ್ಕೆ ಕೈಸೆಟ್ ಸಿಕ್ಕಿಸಿಕೊಂಡು ಮೋಟಾರ್ ಮನೆಗೆ ಹೋಗಿದ್ದೆ. ಸಂಜೆ ವಾಪಸ್ ಬಂದು ನೋಡಿದರೆ ಸೆಟ್ಟಿನ ದೀಪ ಆರಿತ್ತು. ಹಿಂದಿನ ರಾತ್ರಿ ಎಲ್ಲರ ಸೆಟ್ಟನ್ನೂ ಚಾರ್ಜಿಗೆ ಹಾಕಿಸಿದವಳು ನನ್ನದನ್ನು ಮರೆತಿದ್ದೆ. ಬ್ಯಾಟರಿಗೂ ವಯಸ್ಸಾಗಿದೆ ಎಂದು ಬೈದು, ಸೆಟ್ಟನ್ನು ಡ್ರಾಯರಿಗೆ ಎಸೆದಿದ್ದೆ.

"ನನಗೆ ಕೇಳಿಸಲೇ ಇಲ್ಲ ಚಿಕ್ಕಮ್ಮ. ನನ್ನ ಸೆಟ್ ಸತ್ತುಹೋಗಿತ್ತು. ನೀವಾದ್ರೂ, ಯಾರಾದ್ರೂ ಒಬ್ಬರು ಹೇಳಬಾರದಿತ್ತಾ?"

"ಮೂರನೆಯವರು ಬಾಯಿ ಹಾಕಬಾರದು ಅಂತ ಗೋಡೆಗೆ ಅಂಟಿಸಿದ್ದು ಯಾರಮ್ಮ?" ಎಂದರು ಚಿಕ್ಕಮ್ಮ. ಆಮೇಲೆ ಗಡಿಯಾರ ನೋಡಿ ಮುಖ ಬಿಳುಚಿಕೊಂಡರು. "ಅಯ್ಯೋ, ಹತ್ತು ಗಂಟೆಗೆ ಮ್ಯಾನೇಜರ್ ರೂಮಲ್ಲಿ ಸಹಿ ಹಾಕ್ತಾನೆ. ಆ ಕಡೆಯ ಜನ ಕಾಗದ ಹಿಡ್ಕೊಂಡು ಆಗಲೇ ಬಂದು ಕೂತಿದ್ದಾರೆ."

ಒಂಬತ್ತು ಮುಕ್ಕಾಲು. ಅವನು ಐದನೇ ಕಂಬದ ಮೇಲಿದ್ದ. ಕಂಬ ಹತ್ತುವವರು ಮೊಬೈಲನ್ನು ಕೆಳಗೆ ಲಾಕರಿನಲ್ಲಿಟ್ಟೇ ಹೋಗಬೇಕು. ಅದೂ ನಮ್ಮ ನಿಯಮವೇ. ಇಳಿದವನು ನೇರವಾಗಿ ಮ್ಯಾನೇಜರ್ ರೂಮಿಗೆ ಹೋಗುತ್ತಾನೆ, ಅಲ್ಲಿ ಹೊರಗಿನವರ ಎದುರು ನನಗೆ ಬಾಯಿ ಬರುವುದಿಲ್ಲ. ಅವನನ್ನು ಮುಟ್ಟಲು ನನಗಿದ್ದದ್ದು ಹದಿನಾಲ್ಕು ಜನ ಕೇಳುವ ಅದೇ ಒಂದು ಚಾನೆಲ್.

ಓಡಿಬಂದು ಮೇಜಿನ ಸೆಟ್ಟಿನ ಮುಂದೆ ಕೂತೆ. ನಾಲ್ಕು ವರ್ಷದಿಂದ ಈ ಬಟನ್ ಒತ್ತುತ್ತಿದ್ದೇನೆ, ಒಮ್ಮೆಯೂ ನನ್ನ ಸ್ವಂತದ ಮಾತಿಗೆ ಒತ್ತಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಅವನು ಹೋಗಿಬಿಟ್ಟರೆ ಎಂದು. ಒತ್ತಿದೆ.

"ಹನ್ನೊಂದು, ಕಂಟ್ರೋಲ್. ಮಂಗಳವಾರ ನನ್ನ ಸೆಟ್ ಚಾರ್ಜ್ ಮುಗಿದುಹೋಗಿತ್ತು. ನೀವು ಹೇಳಿದ್ದು ನನಗೆ ಕೇಳಿಸಿಲ್ಲ. ಈಗಷ್ಟೇ ಗೊತ್ತಾಯ್ತು." ಉಸಿರು ತೆಗೆದುಕೊಂಡೆ. "ಆಕ್ಷೇಪಣೆ ಇದೆ. ತುಂಬಾ ಇದೆ. ಹೋಗಬೇಡಿ."

ಬಟನ್ ಬಿಟ್ಟೆ.

ಬಿಟ್ಟದ್ದೇ ತಡ, ಚಾನೆಲ್ ಸಂತೆಯಾಯಿತು. "ಭೇಷ್ ಮೇಡಂ", "ನಾವು ಅಂದ್ಕೊಂಡೇ ಇದ್ವಿ", ಆಮೇಲೆ ಕೀರಲು, ಮತ್ತೆ ಯಾರದೋ ಅರ್ಧ ನಗು, ಮತ್ತೆ ಕೀರಲು. ಮೂರು ವಾರದಿಂದ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಒಟ್ಟಿಗೆ ನುಗ್ಗಿಬಂದಿತ್ತು. ಅದರ ಅಡಿಯಲ್ಲೆಲ್ಲೋ ಐದನೇ ಕಂಬದಿಂದ ಒಂದು ದನಿ ಎದ್ದು ಮುಳುಗುತ್ತಿತ್ತು. ನನಗೆ ಬೇಕಾದದ್ದು ಆ ಒಂದೇ. ಅದೇ ಕೇಳುತ್ತಿರಲಿಲ್ಲ.

ಒಂದು ಕ್ಷಣ ಸಂದು ಸಿಕ್ಕಿತು. ಗಬಕ್ಕನೆ ಬಟನ್ ಒತ್ತಿದೆ.

"ಎಲ್ಲರೂ ಬಟನ್ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಆಮೇಲೆ ಎಷ್ಟು ಬೇಕಾದ್ರೂ ಮಾತಾಡಿ. ಹನ್ನೊಂದು ಮಾತ್ರ ಉತ್ತರಿಸಿ."

ಚಾನೆಲ್ ತಣ್ಣಗಾಯಿತು. ಹದಿಮೂರು ಜನ ಉಸಿರು ಹಿಡಿದುಕೊಂಡದ್ದು ನನಗೆ ಗೊತ್ತಾಗುತ್ತಿತ್ತು. ಮೀಟರಿನ ಮುಳ್ಳು ಇಪ್ಪತ್ತರ ಬಳಿ ಅಲ್ಲಾಡಿತು.

"ಹನ್ನೊಂದು. ಕೇಳಿಸ್ತು."

ಎರಡೇ ಮಾತು. ನಾನು ಕಣ್ಣು ಮುಚ್ಚಿಕೊಂಡೆ. ನಾನೇ ಕಲಿಸಿದ್ದು, ಯಾರನ್ನು ದೂರಲಿ. ಆಗ ಮತ್ತೆ ಬಟನ್ ಒತ್ತಿದ ಕಿಟ್ ಎಂಬ ಸದ್ದು ಬಂತು.

"ಇಲ್ಲಿ ಗಾಳಿ ಚೆನ್ನಾಗಿದೆ ಮೇಡಂ. ಹಕ್ಕಿನೂ ಬಂದಿದೆ. ಇಳೀತಿದ್ದೀನಿ."

ಅವನು ಮ್ಯಾನೇಜರ್ ರೂಮಿಗೆ ಹೋದದ್ದು ನಿಜ. ಎರಡು ನಿಮಿಷಕ್ಕೆ ಹೊರಬಂದ. ಗಾಜಿನ ಆಚೆ ಆ ಕಡೆಯ ಇಬ್ಬರು ತಮ್ಮ ಕಾಗದವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಚಿಕ್ಕಮ್ಮ ನನ್ನ ಮೇಜಿನ ಮೇಲೆ ಎರಡು ಲೋಟ ಚಹಾ ಇಟ್ಟು, ಹೊರಗೆ ಹೋಗುವಾಗ ಬಾಗಿಲು ಎಳೆದುಕೊಂಡರು.

ಅವನು ಬಾಗಿಲ ಬಳಿ ನಿಂತ. ಕೈತುಂಬ ಗ್ರೀಸ್. ಟೋಪಿ ತಿರುಗಿಸಿದ. ಬಾಯಿ ತೆರೆದ, ಮುಚ್ಚಿದ. ಕಿವಿ ಕೆಂಪಾಯಿತು. ಈ ಸಲ ನಾನು ಗದರಲಿಲ್ಲ. ಡ್ರಾಯರಿನಿಂದ ಆ ಸತ್ತ ಕೈಸೆಟ್ ತೆಗೆದು ಅವನ ಕೈಗೆ ಕೊಟ್ಟೆ.

"ಇದರಲ್ಲಿ ಹೇಳಿ. ಇದು ಯಾರಿಗೂ ಕೇಳಲ್ಲ."

ಅವನು ಸೆಟ್ಟನ್ನು ನೋಡಿದ, ನನ್ನನ್ನು ನೋಡಿದ. ತುಟಿಯ ಹತ್ತಿರ ಹಿಡಿದು ಬಟನ್ ಒತ್ತಿದ. ಬಟನ್ ಒತ್ತಿದ್ದೇ ನಾಲಿಗೆ ಸಡಿಲವಾಯಿತು.

"ಕಂಟ್ರೋಲ್, ಹನ್ನೊಂದು. ಮೂರು ವಾರದಿಂದ ಬಾಲ ನುಂಗಿ ನುಂಗಿ ಹೊಟ್ಟೆ ತುಂಬಿದೆ. ಎಲ್ಲ ನಿಮಗೇ ಹೇಳಬೇಕು, ಒಂದೆರಡು ದಿನಕ್ಕೆ ಮುಗಿಯೋದಲ್ಲ. ಅದಕ್ಕೆ ಮದುವೆ ಆಗೋಣ ಅಂತ. ಆಕ್ಷೇಪಣೆ ಇದ್ರೆ ಹೇಳಿ."

ಬಟನ್ ಬಿಟ್ಟು ಕಾದ.

ನಾನು ಕೈ ಚಾಚಿ ಅವನ ಕಿವಿಯ ಹಿಂದಿನ ಕಪ್ಪು ಗೆರೆಯನ್ನು ಸೆರಗಿನಿಂದ ಒರೆಸಿದೆ. ಒಂದೇ ಒಂದು ಮಾತೂ ಆಡಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಆದ್ದರಿಂದ ಈ ಸಲ ತಪ್ಪು ತಿಳಿಯಲಿಲ್ಲ.