ಎರಡನೇ ಸೀಟಿನ ಹೆಸರು

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಎದುರಿಗಿರುವ ಆ ಪುಟ್ಟ ಅಂಗಡಿಯಲ್ಲಿ ಅವತ್ತು ಮಟಮಟ ಮಧ್ಯಾಹ್ನವೇ ಕತ್ತಲಾಯಿತು!

ಗ್ರಹಣ ಅಂದುಕೊಂಡಿರಾ? ಅಲ್ಲ. ಬಾಗಿಲಲ್ಲಿ ದಸ್ತಗಿರಿ ನಿಂತಿದ್ದ.

ಹರಪನಹಳ್ಳಿಯ ಮಂಡಕ್ಕಿ ಭಟ್ಟಿಯ ದಸ್ತಗಿರಿ. ಎತ್ತರ ಆರಡಿ, ಅಗಲ ಕೇಳಬೇಡಿ. ಅವನು ಹಿಂದಿನ ಬಾಗಿಲಿಂದ ಬಸ್ಸು ಹತ್ತಿದರೆ ಮುಂದಿನ ಎರಡು ಚಕ್ರ ನೆಲ ಬಿಡುತ್ತವೆ. ಅವನು ಸೀನಿದರೆ ಉಚ್ಚಂಗಿದುರ್ಗದ ಕೋಟೆಯ ಮೇಲಿಂದ ಪಾರಿವಾಳ ಹಾರುತ್ತವೆ. ನಾನು ಸುಳ್ಳು ಹೇಳುವವನೇ ಅಲ್ಲ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾರನ್ನಾದರೂ ಕೇಳಿ, ನನ್ನಷ್ಟು ಅಳತೆ ತಪ್ಪದೆ ಕಥೆ ಹೇಳುವವನು ಇನ್ನೂ ಹುಟ್ಟಿಲ್ಲ!

ಒಳಗೆ ಕೂತವಳು ಅಸ್ಮಾ. ಬಸ್ಸು, ರೈಲು, ವಿಮಾನದ ಟಿಕೆಟ್ಟು, ಜೆರಾಕ್ಸು... ಎಲ್ಲಕ್ಕೂ ಅವಳೇ ಮಾಲಕಿ. ಕಂಪ್ಯೂಟರಿನಿಂದ ತಲೆ ಎತ್ತದೆಯೇ ಅಂದಳು.

"ಭಾಯ್, ಒಂಚೂರು ಪಕ್ಕಕ್ಕ ಸರೀರಿ. ಬೆಳಕು ಬರವಲ್ದು."

"ಸರೀತೀನ್ರಿ. ಆಮ್ಯಾಲೆ ಗ್ವಾಡಿ ಬಿದ್ರ ನನ್ನ ಕೇಳಬಾರ್ದು."

ಅಸ್ಮಾ ತಲೆ ಎತ್ತಿದಳು. ಅಷ್ಟು ದೊಡ್ಡ ಮೈ ಮೇಲೆ ಅಷ್ಟು ನಾಚುವ ಕಣ್ಣುಗಳು! ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ.

ಇಲ್ಲೇ ನೋಡಿ, ಎಲ್ಲ ತಪ್ಪಿನ ಬೀಜ ಬಿದ್ದದ್ದು. ತನ್ನ ಮೇಲೆ ತಾನೇ ಜೋಕು ಮಾಡಿಕೊಳ್ಳುವ ಮನುಷ್ಯನಿಗೆ ನೋವೇ ಆಗುವುದಿಲ್ಲ ಅಂತ ಅಸ್ಮಾ ಅವತ್ತು ತಿಳಿದುಕೊಂಡಳು.

ಆಮೇಲೆ ದಸ್ತಗಿರಿಗೆ ಜೆರಾಕ್ಸ್ ಕೆಲಸ ವಿಪರೀತ ಹೆಚ್ಚಾಯಿತು! ಹರಪನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿಗಳೇ ಇಲ್ಲವೇನೋ ಎಂಬಂತೆ ಪ್ರತಿ ಗುರುವಾರ ಕೊಟ್ಟೂರಿಗೆ ಬರುತ್ತಿದ್ದ. ಒಂದೇ ಆಧಾರ್ ಕಾರ್ಡಿಗೆ ಏನಿಲ್ಲವೆಂದರೂ ಏಳು ಸಾವಿರ ಜೆರಾಕ್ಸ್ ಮಾಡಿಸಿರಬೇಕು. ಬರುವಾಗಲೆಲ್ಲ ಒಂದು ಚೀಲ ಬಿಸಿ ಮಂಡಕ್ಕಿ.

"ಇಷ್ಟು ದೊಡ್ಡ ಚೀಲ ಬಸ್ಸಿನ್ಯಾಗ ಹೆಂಗ ತರ್ತೀರಿ ಭಾಯ್?"

ಆ 'ಭಾಯ್'ಗೆ ಅವನು ಪ್ರತಿ ಸಲವೂ ಹಲ್ಲುನೋವು ಬಂದವನ ಹಾಗೆ ಮುಖ ಮಾಡುತ್ತಿದ್ದ.

"ತೂಕ ಏನೈತ್ರಿ ಅದ್ರಾಗ? ಎತ್ತಿದ್ರ ಹತ್ತಿ. ಆದ್ರ ಕಂಡಕ್ಟರ್ ಎರಡು ಸೀಟಿನ ಚಾರ್ಜ್ ತಗೊಂತಾನ. ತೂಕಕ್ಕಲ್ಲ, ಜಾಗಕ್ಕ. ನಮ್ಮ ದಂಧೆನ ಹಂಗ. ಜಾಗ ತಿಂದೋನು ಕೊಡಬೇಕು, ಅದ್ರಾಗೇನೈತಿ!"

ಅವನು ಹೇಳಿದ್ದು ಮಂಡಕ್ಕಿಯ ಮಾತು. ಅಸ್ಮಾ ಅದನ್ನು ಮನಸ್ಸಿನಲ್ಲಿ ಬೇರೆ ಕಡೆ ಬರೆದಿಟ್ಟುಕೊಂಡಳು.

ಒಂದು ಗುರುವಾರ ಅವನು ಬಂದದ್ದು ಜೆರಾಕ್ಸಿಗಲ್ಲ.

"ಹೈದರಾಬಾದಿನ್ಯಾಗ ಮಂಡಕ್ಕಿ ಹುರಿಯೋ ಹೊಸ ಮಿಷಿನ್ ಬಂದೈತಂತ. ನೋಡಿ ಬರ್ತೀನಿ. ಹುಬ್ಬಳ್ಳಿಯಿಂದ ವಿಮಾನ ಹಿಡಿದ್ರ ಹೆಂಗ?" ಅಂತ ಕೇಳಿದ. ಕಿವಿ ಕೆಂಪಾಗಿತ್ತು. "ಮೊದಲನೇ ಸಲ ರೀ... ಹೆದರಿಕಿ ಆಗ್ತೈತಿ."

"ನಾನದೀನಲ್ಲ! ಎಲ್ಲಾ ನಾ ನೋಡ್ಕೊಂತೀನಿ."

ಅವನು ಹೋದ ಮೇಲೆ ಅಸ್ಮಾ ಕಂಪ್ಯೂಟರಿನಲ್ಲಿ ವಿಮಾನದ ಸೀಟುಗಳ ಚಿತ್ರ ತೆರೆದು ನೋಡುತ್ತಾ ಕೂತಳು. ಅಂಗಡಿಯಲ್ಲಿ ಕೈಜೋಡಿಸುವ ಗೆಳತಿ ಭೂಮಿಕಾ ಕೇಳಿದಳು, "ಏನಲೇ, ಯಾಕ ಗುಮ್ಮನಂಗ ಕುಂತಿ?"

"ಆ ಸೀಟು ಇಷ್ಟೇ ಅಗಲ ಇರತೈತಿ ಭೂಮಿ... ಅವ್ರು ಹಿಡಿಯಂಗಿಲ್ಲ. ಪಕ್ಕದೋನು ಗದ್ದಲ ತಗದ್ರ? ಯಾರಾದ್ರೂ ಮೊಬೈಲಿನ್ಯಾಗ ಹಿಡಿದು ಬಿಟ್ರ?"

"ಹಂಗಾದ್ರ ಅವ್ರನ್ನ ಕೇಳು. ಎರಡು ಸೀಟು ತಗೊಳ್ರಿ ಅನ್ನು."

"ಮಕದ ಮ್ಯಾಲೆ ಹೆಂಗ ಅನ್ನಲಿ?"

ಅನ್ನಲಿಲ್ಲ. ತನ್ನ ದುಡ್ಡಿನಲ್ಲೇ ಪಕ್ಕದ ಸೀಟೂ ತಗೊಂಡಳು. ಎರಡನೇ ಸೀಟಿಗೂ ಒಂದು ಹೆಸರು ಕೊಡು ಅಂತ ಕಂಪ್ಯೂಟರ್ ಹಟ ಹಿಡಿಯಿತು. ಅವಸರದಲ್ಲಿ ತನ್ನದೇ ಹೆಸರು ಒತ್ತಿಬಿಟ್ಟಳು. ಆಮೇಲೆ ವಿಮಾನದವರಿಗೆ ಫೋನ್ ಮಾಡಿ, ಎರಡನೆಯದು ದಪ್ಪ ಇರುವವರಿಗೆ ಹೆಚ್ಚುವರಿ ಸೀಟು ಅಂತ ಬರೆಸಿದಳು. ಟಿಕೆಟ್ಟನ್ನು ಲಕೋಟೆಗೆ ಹಾಕಿ ದಸ್ತಗಿರಿಯ ಕೈಗಿಟ್ಟಳು.

"ಕೌಂಟರಿನ್ಯಾಗ ಕೊಡ್ರಿ. ಅವ್ರ ನೋಡ್ಕೊಂತಾರ."

ಇಂಗ್ಲಿಷ್ ಓದಲು ಬಾರದ ದಸ್ತಗಿರಿ ಆ ಲಕೋಟೆಯನ್ನು ತಾಯತದ ಹಾಗೆ ಎದೆಯ ಜೇಬಿನಲ್ಲಿಟ್ಟುಕೊಂಡ.

ವಿಮಾನ ನಿಲ್ದಾಣದಲ್ಲಿ ನಡೆದದ್ದನ್ನು ಅಸ್ಮಾ ನೋಡಲಿಲ್ಲ. ನಾನು ಹೇಳುತ್ತೇನೆ ಕೇಳಿ. ಇಲ್ಲಿ ಮಾತ್ರ ಒಂದು ಅಕ್ಷರವನ್ನೂ ಉಬ್ಬಿಸುವುದಿಲ್ಲ... ಉಬ್ಬಿಸಲು ಮನಸ್ಸು ಬರುವುದಿಲ್ಲ.

ಕೌಂಟರಿನ ಹುಡುಗಿ ಟಿಕೆಟ್ ನೋಡಿ, "ಇನ್ನೊಬ್ಬರು ಎಲ್ಲಿ ಸರ್?" ಅಂದಳು.

"ಯಾರ್ರಿ?"

"ಅಸ್ಮಾ ಅಂತ ಇದೆ. ನಿಮ್ಮ ಪಕ್ಕದ ಸೀಟು."

ದಸ್ತಗಿರಿಯ ಎದೆ ಭಟ್ಟಿಯ ಮರಳಿಗೆ ಬಿದ್ದ ಅಕ್ಕಿಯ ಹಾಗೆ ಚಟಪಟ ಅರಳಿಬಿಟ್ಟಿತು!

ಅಸ್ಮಾ ಬರ್ತಾಳಾ?... ಹೆದರಿಕಿ ಆಗ್ತೈತಿ ಅಂದಿದ್ದಕ್ಕ ನನ್ನ ಕೂಡ ಬರ್ತಾಳಾ? ಹೇಳದಂಗ?

"ಬರ್ತಾರ್ರಿ! ಬಂದ್ರು ಅಂತ ತಿಳೀರಿ!"

ಎರಡು ಚಹಾ ತಗೊಂಡ. ಬಾಗಿಲ ಕಡೆ ನೋಡುತ್ತಾ ನಿಂತ. ಬುರ್ಖಾ ಹಾಕಿದ ಯಾರು ಬಂದರೂ ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದಿಡುತ್ತಿದ್ದ. ಚಹಾ ತಣ್ಣಗಾಯಿತು. ಕೊನೆಗೆ ಅದೇ ಹುಡುಗಿ ಕೂಗಿದಳು.

"ಸರ್, ಸಾರಿ! ಈಗ ನೋಡಿದೆ. ಯಾರೂ ಬರೋದಿಲ್ಲ. ದಪ್ಪ ಇರೋರಿಗೆ ಅಂತ ತಗೊಂಡಿರೋ ಎಕ್ಸ್‌ಟ್ರಾ ಸೀಟು ಇದು. ಎರಡೂ ನಿಮ್ಮದೇ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ದಸ್ತಗಿರಿ ತಾನೂ ನಗಲು ನೋಡಿದ. ಗೋಡೆಯ ಜೋಕು ಹೇಳಲು ಬಾಯಿ ತೆರೆದ. ಬರಲಿಲ್ಲ.

ಮುಂದಿನ ಗುರುವಾರ ಅಂಗಡಿಯಲ್ಲಿ ಮತ್ತೆ ಕತ್ತಲಾಯಿತು. ಅಸ್ಮಾಳ ಮುಖ ಮಾತ್ರ ಬೆಳಗಿತು.

"ಬರ್ರಿ ಬರ್ರಿ! ಹೆಂಗಿತ್ತು ವಿಮಾನ?"

ಅವನ ಕೈಯಲ್ಲಿ ಮಂಡಕ್ಕಿ ಚೀಲ ಇರಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅವಳ ಹೆಸರಿದ್ದ ಸೀಟಿನ ಚೀಟಿ.

"ನಿಮ್ಮ ಸೀಟು ಖಾಲಿ ಹೋತ್ರಿ."

"ಅದು... ನಾನು..."

"ನೀವು ಬರ್ತೀರಂತ ತಿಳಕೊಂಡು ಬಾಗಲ ನೋಡ್ಕೊಂತ ನಿಂತಿದ್ದೆ. ನನ್ನ ಶ್ಯಾಣ್ಯಾತನ ನೋಡ್ರಿ." ಬಾಗಿಲ ಕಡೆ ತಿರುಗಿ, "ಸೀಟಿನ ರೊಕ್ಕ ಹೊರಗ ಭೂಮಿಕಾ ಅವ್ರ ಕೈಯಾಗ ಕೊಟ್ಟೀನಿ. ಬರ್ತೀನಿ," ಅಂದ.

ಹೋದ. ಅಂಗಡಿಗೆ ಬೆಳಕು ವಾಪಸ್ ಬಂತು. ಅಸ್ಮಾಗೆ ಬೇಡವಾಗಿದ್ದ ಬೆಳಕು.

ಒಂದು ಗುರುವಾರ ಕಳೆಯಿತು, ಎರಡು, ಮೂರು. ಜೆರಾಕ್ಸ್ ಮಿಷಿನ್ನಿಗೆ ತುಕ್ಕು ಹಿಡಿಯಿತು ಅಂದರೂ ನೀವು ನಂಬಬೇಕು!

"ನಾ ಒಳ್ಳೇದಕ್ಕ ಮಾಡೀನಿ ಭೂಮಿ. ನನ್ನ ರೊಕ್ಕ ಹಾಕೀನಿ. ಇದ್ರಾಗ ನನ್ನ ತಪ್ಪೇನೈತಿ?"

ಭೂಮಿಕಾ ಕಡ್ಡಿ ಮುರಿದ ಹಾಗೆ ಹೇಳಿದಳು. "ಹೋದ ವರ್ಷ ನೀ ಏನಂದಿದ್ದಿ? ದಪ್ಪ ಇದ್ದೋರ ಹತ್ರ ವಿಮಾನದೋರು ಡಬಲ್ ತಗೋಬೇಕು, ಪಕ್ಕದೋರೇನು ಪಾಪ ಮಾಡ್ಯಾರ ಅಂದಿದ್ದಿಲ್ಲೇನು?"



ಅಂದಿದ್ದಳು. ಹೋದ ವರ್ಷ ಅಮ್ಮನ ಜೊತೆ ಉಮ್ರಾ ಯಾತ್ರೆ ಮುಗಿಸಿ ವಿಮಾನದಲ್ಲಿ ಬರುವಾಗ ಪಕ್ಕದಲ್ಲಿ ಒಬ್ಬ ದಪ್ಪ ಹೆಂಗಸು ಕೂತಿದ್ದಳು. ದಾರಿಯುದ್ದಕ್ಕೂ ಅಸ್ಮಾ ಮುಖ ಸಿಂಡರಿಸಿದ್ದಳು. ಆ ಹೆಂಗಸು ದಾರಿಯುದ್ದಕ್ಕೂ ಎರಡೂ ಕೈ ಎದೆಗೆ ಕಟ್ಟಿಕೊಂಡು, ಭುಜ ಕಿರಿದು ಮಾಡಿಕೊಂಡು ಕೂತಿದ್ದಳು. ಊಟದ ತಟ್ಟೆ ಬಂದಾಗಲೂ ಬೇಡ ಅಂದಿದ್ದಳು. ಕೈ ಬಿಚ್ಚಿದರೆ ಅಸ್ಮಾಗೆ ತಾಗೀತು ಅಂತ!

ಅದು ಇಷ್ಟು ದಿನ ನೆನಪೇ ಆಗಿರಲಿಲ್ಲ. ಈಗ ಆ ಕಟ್ಟಿದ ಕೈಗಳು ಕಣ್ಣಿಂದ ಹೋಗುತ್ತಿಲ್ಲ... ಯಾ ಅಲ್ಲಾಹ್, ಮೊದಲು ಅವಳನ್ನು, ಈಗ ಇವನನ್ನು! ಅವನ ಮರ್ಯಾದೆ ಕಾಪಾಡಲು ಹೋದೆ ಅಂದುಕೊಂಡೆ. ಕಾಪಾಡಿದ್ದು ನನ್ನ ಬಾಯಿಯ ಸಂಕೋಚವನ್ನು. ಅವನನ್ನು ಅಳೆದೆ, ಬೆಲೆ ಕಟ್ಟಿದೆ, ಚೀಟಿ ಅಂಟಿಸಿ ಕಳಿಸಿಬಿಟ್ಟೆ!

ಮರುದಿನ ಅಂಗಡಿಯನ್ನು ಭೂಮಿಕಾಗೆ ಬಿಟ್ಟು ಹರಪನಹಳ್ಳಿಯ ಬಸ್ಸು ಹತ್ತಿದಳು. ಸಿಗದೇ ಹೋದರೆ? ಸಿಕ್ಕಿ, ಹೋಗು ಅಂದರೆ?... ದಾರಿಯ ಒಂದೊಂದು ರಸ್ತೆಯುಬ್ಬಿಗೂ ಅವಳ ಜೀವ ಹಾರುತ್ತಿತ್ತು.

ಭಟ್ಟಿಯ ಮುಂದೆ ದಸ್ತಗಿರಿಯ ತಾಯಿ ಮಕ್ತುಂಬಿ ಸೇರಿನಲ್ಲಿ ಮಂಡಕ್ಕಿ ಅಳೆಯುತ್ತಿದ್ದಳು.

"ಖಾಲಾ, ನಾನು ಕೊಟ್ಟೂರಿನ..."

"ಗೊತ್ತೈತಿ ಬಾರವಾ. ಜೆರಾಕ್ಸ್ ಹುಡುಗಿ." ಮುದುಕಿ ತಲೆ ಎತ್ತದೆಯೇ ಅಂದಳು. "ನನ್ನ ಮಗನ ಆಧಾರ್ ಕಾರ್ಡು ಮನಿತುಂಬ ಬಿದ್ದಾವ. ಒಲಿ ಹಚ್ಚಾಕ ಬರ್ತಾವ. ಒಳಗದಾನ, ಹೋಗು."

ಒಳಗೆ ಕಾದ ಮರಳು. ಹೊಗೆ. ಬನಿಯನ್ ಹಾಕಿಕೊಂಡು, ಬೆವರಿನಲ್ಲಿ ತೊಯ್ದು ದಸ್ತಗಿರಿ ಮರಳು ತಿರುವಿ ಹಾಕುತ್ತಿದ್ದ.

ಮೊದಲಿಗೆ ನಾನು ಅಂದೆನಲ್ಲ, ಬಸ್ಸಿನ ಚಕ್ರ ನೆಲ ಬಿಡುತ್ತವೆ ಅಂತ? ಅದು ಸುಳ್ಳು. ನಾನೂ ಅವನನ್ನು ಕೇಳದೆಯೇ ಉಬ್ಬಿಸಿದ್ದು. ಅಲ್ಲಿ ಇದ್ದದ್ದು ದುಡಿಯುವ ಒಬ್ಬ ಮನುಷ್ಯ, ಅಷ್ಟೇ. ಅಸ್ಮಾಳನ್ನು ಕಂಡದ್ದೇ ಅವನು ಟವೆಲ್ ಎಳೆದು ಹೊಟ್ಟೆ ಮುಚ್ಚಿಕೊಂಡ. ವಿಮಾನದ ಆ ಹೆಂಗಸು ಕೈ ಕಟ್ಟಿಕೊಂಡ ಹಾಗೆಯೇ!

ಅಸ್ಮಾಳ ಕಣ್ಣು ತುಂಬಿದವು.

"ಮುಚ್ಚಿಕೋಬ್ಯಾಡ್ರಿ. ನಾ ಮಾಫಿ ಕೇಳಾಕ ಬಂದೀನಿ."

"ಮಾಫಿ ಯಾತಕ್ರಿ. ಒಳ್ಳೇದಕ್ಕ ಮಾಡೀರಿ."

"ಒಳ್ಳೇದಕ್ಕ ಅಂತ ನಾನೂ ತಿಳಕೊಂಡಿದ್ದೆ. ಅಲ್ಲ." ಉಮ್ರಾದಿಂದ ಬರುವಾಗಿನ ಕಥೆಯನ್ನು ಒಂದೂ ಬಿಡದೆ ಹೇಳಿದಳು. ತಾನು ಆಡಿದ ಮಾತನ್ನೂ ಹೇಳಿದಳು. "ನಿಮ್ಮಂಥೋರು ಹೆಚ್ಚು ಕೊಡಬೇಕು ಅಂದಾಕಿ ನಾನೇ. ಆಮ್ಯಾಲೆ ನೀವು ಮಂಡಕ್ಕಿ ಚೀಲಕ್ಕ ಎರಡು ಸೀಟಿನ ಚಾರ್ಜ್ ಅಂದ್ರಿ... ನಿಮಗೂ ಒಪ್ಪಿಗಿ ಐತಿ ಅಂತ ನಾನೇ ತಿಳಕೊಂಡೆ."

ದಸ್ತಗಿರಿ ಒಲೆಯ ಉರಿ ತಗ್ಗಿಸಿದ.

"ಒಪ್ಪಿಗಿ ಇತ್ತೋ ಏನೋ. ಹೋಗುವಾಗ ಆರಾಮ ಕುಂತಿದ್ದೆ. ಒಂದು ಸೀಟಾಗಿದ್ರ ಪಕ್ಕದೋನು ಸತ್ತ ಹೋಗತಿದ್ದ. ಅದಕ್ಕ ಇನ್ನಾ ಸಿಟ್ಟು ಬಂತು ನೋಡ್ರಿ! ಎಲ್ಲಾರೂ ಹೆಚ್ಚು ಕೊಡಬೇಕೋ ಬ್ಯಾಡೋ, ಅದು ದೊಡ್ಡೋರ ಜಗಳ. ನನಗ ತಿಳಿಯಂಗಿಲ್ಲ. ಆದ್ರ..."

ಗೋಡೆಗೆ ಒರಗಿಸಿದ್ದ ಚೀಲದ ಕಡೆ ಕೈ ತೋರಿಸಿದ.

"ಆ ಚೀಲಕ್ಕ ಯಾರೂ ಕೇಳಂಗಿಲ್ಲ. ಯಾಕಂದ್ರ ಅದರ ಬಾಯಿ ಕಟ್ಟಿರ್ತೀವಿ. ನನ್ನ ಬಾಯಿ ಕಟ್ಟಿದ್ದಿಲ್ಲಲ್ರಿ ಅಸ್ಮಾ? 'ಎಷ್ಟು ಸೀಟು ಬೇಕು' ಅಂತ ನೀವು ಒಂದು ಮಾತು ಕೇಳಿದ್ರ, ನಾನ ಎರಡು ಅಂತಿದ್ದೆ."

ಅಸ್ಮಾ ಬಿಕ್ಕಿದಳು. "ಕೇಳಿದ್ರ ನಿಮಗ ನೋವಾಗತೈತಿ ಅಂತ..."

"ಆಗತಿತ್ತು. ನಿಮ್ಮೆದುರಿಗೆ ಆಗತಿತ್ತು. ಒಬ್ಬಂವಗ, ಆ ಸಾಲಿನ್ಯಾಗ, ಎರಡು ಚಾ ಹಿಡ್ಕೊಂಡು ನಿಂತಾಗ ಆಗತಿದ್ದಿಲ್ಲ."

ಎರಡು ಚಹಾ! ಅದು ಅವಳಿಗೆ ಗೊತ್ತಿರಲಿಲ್ಲ. ನಿಂತಲ್ಲೇ ಕುಸಿದು ಆ ಚೀಲದ ಪಕ್ಕ ಕೂತಳು. ಎಷ್ಟು ಮಾಫಿ ಕೇಳಿದರೆ ಎರಡು ತಣ್ಣನೆಯ ಚಹಾ ಬಿಸಿಯಾಗುತ್ತವೆ?

ಹೊರಗಿನಿಂದ ಮಕ್ತುಂಬಿಯ ದನಿ ಬಂತು. "ಲೇ ದಸ್ತಗಿರಿ! ಹುಡುಗಿನ್ನ ಹೊಗಿಯೊಳಗ ಕುಂದ್ರಿಸಿ ಅಳಸ್ತೀಯೇನು? ಆಕಿ ಹೆಸರಿನ ಚೀಟಿ ಯಾಕ ಬಿಟ್ಟು ಬಂದೆ ಅಂತ ಮೂರು ವಾರದಿಂದ ನೀನೂ ಒದ್ದಾಡಾಕತ್ತೀಯಲ್ಲ!"

ದಸ್ತಗಿರಿಯ ಕಿವಿ ಭಟ್ಟಿಯ ಕೆಂಡಕ್ಕಿಂತ ಕೆಂಪಾಯಿತು. ಇದು ಮಾತ್ರ ಉಬ್ಬಿಸಿದ್ದಲ್ಲ!

ಅಸ್ಮಾ ಕಣ್ಣೊರೆಸಿಕೊಂಡು ಪರ್ಸು ತೆರೆದಳು. ಆ ಚೀಟಿ ಅಲ್ಲೇ ಇತ್ತು. ತೆಗೆದು ಕೈಯಲ್ಲಿ ಹಿಡಿದಳು.

"ಮಿಷಿನ್ ತರಾಕ ಮತ್ತ ಹೋಗಬೇಕಲ್ರಿ ನೀವು?"

"ಹೋಗಬೇಕು."

ಅವತ್ತು ಆಡದೆ ಬಿಟ್ಟ ಮಾತನ್ನು ಅಸ್ಮಾ ಇವತ್ತು ಆಡಿಯೇಬಿಟ್ಟಳು.

"ಎಷ್ಟು ಸೀಟು ಬೇಕ್ರಿ?"

ದಸ್ತಗಿರಿ ಅವಳನ್ನೇ ನೋಡಿದ. ಹೊಟ್ಟೆಯ ಮೇಲೆ ಹಿಡಿದಿದ್ದ ಟವೆಲನ್ನು ಮೆಲ್ಲಗೆ ಭುಜಕ್ಕೆ ಹಾಕಿಕೊಂಡ.

"ಮೂರು."

"ಮೂರಾ?"

"ನನಗ ಎರಡು. ಎರಡಕ್ಕೂ ನನ್ನ ಹೆಸರ ಹಾಕ್ರಿ, ನನಗೇನು ನಾಚಿಕಿ ಇಲ್ಲ. ಮೂರನೇದಕ್ಕ..." ಅವನ ದನಿ ಇಳಿಯಿತು. "ಮೂರನೇದಕ್ಕ ಹೋದ ಸಲದ ಹೆಸರ ಇರ್ಲಿ. ಆದ್ರ ಆ ಹೆಸರಿನಾಕಿ ಬರಬೇಕು. ಅಮ್ಮನ್ನ ಮೊದಲು ನಿಮ್ಮ ಮನಿಗೆ ಕಳಸ್ತೀನಿ, ನಿಕಾಹ್ ಮಾತು ಆಡ್ಲಿ, ಆಮ್ಯಾಲೆ ಟಿಕೆಟ್ ಮಾಡ್ರಿ."

ಅಸ್ಮಾ ಅಳುತ್ತಲೇ ನಕ್ಕಳು.

"ಆತ್ರಿ, ಭಾ..."

"ಅಸ್ಮಾ!"

"ಆತ್ರಿ," ಅಂದಳು ಅವಳು, ತುಟಿ ಕಚ್ಚಿಕೊಂಡು. "ಈ ಸಲ ನಾನ ಮೊದಲು ಬಂದು ನಿಂತಿರ್ತೀನಿ. ಎರಡು ಚಾ ತಗೊಂಡು."

"ತಣ್ಣಗಾದ್ರ?"

"ಆಗ್ಲಿ. ಒಂದ್ಸಲ ನಾನೂ ಬಾಗಲ ನೋಡ್ತೀನಿ."